ನಾಲ್ಕನೇ ತಿಂಗಳ ಜೀರಿಗೆ

ಶೇಂಗಾ, ಒಡೆಯಿತು, ಎರಡು ಬೇಳೆ, ದ್ವಿದಳ — ಎದುರು ಸೀಟಿನ ಮುದುಕ ಸಿಪ್ಪೆ ಬಿಡಿಸಿ ಬಾಯಿಗೆ ಎಸೆದುಕೊಳ್ಳುವುದಕ್ಕೂ ನನ್ನ ತಲೆಯೊಳಗೆ ಉತ್ತರ ಬೀಳುವುದಕ್ಕೂ ಸರಿಹೋಗುತ್ತಿದೆ, ಅವನು ತಿನ್ನುತ್ತಾನೆ, ನಾನು ಬರೆಯುತ್ತೇನೆ, ಕಿಟಕಿಯಾಚೆ ತೊಗರಿ ಇನ್ನೂ ಗೇಣುದ್ದ, ದ್ವಿದಳ, ಬದುವಿನ ಹುಲ್ಲು ಏಕದಳ, ಕಂಡಕ್ಟರು ಯಾವ ದಳವೋ ಗೊತ್ತಿಲ್ಲ, ಮಹಾಗಾಂವ ಕ್ರಾಸಿನೋರು ಮುಂದ ಬರ್ರೆಪಾ, ಆಮ್ಯಾಲ ಇಳಿಸ್ಲಿಲ್ಲ ಅಂತ ನನ್ನ ಮ್ಯಾಲ ಬರಬ್ಯಾಡ್ರಿ ಅನ್ನುತ್ತ ಬರುತ್ತಾನೆ, ಅಬ್ಬಾ ನನ್ನ ಪಕ್ಕ ತೂಕಡಿಸುತ್ತಿದ್ದಾರೆ, ಮಡಿಲಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ಪರೀಕ್ಷೆಗೆ ಹೋಗುವವಳ ಜೊತೆ ಹಣ್ಣಿನ ಚೀಲ ಯಾಕೆ ಅಬ್ಬಾ ಎಂದರೆ, ಕಮಲಾಪುರದಿಂದ ಕಲಬುರಗಿಗೆ ಬರಿಗೈಲೆ ಹೋದ್ರ ಮಂದಿ ಏನಂತಾರ ಮುನೀರಾ, ಎಂದರು, ಯಾವ ಮಂದಿ, ಪರೀಕ್ಷೆ ತಗೊಳ್ಳೋ ಸಾಹೇಬರಿಗೆ ಕೊಡ್ತೀರೇನು, ಛೇ ಛೇ, ಬ್ರಹ್ಮಪುರದ ಅಜ್ಜಿಗೆ, ಅಕಿನೇ ನಿನಗ ಅರ್ಧ ಕಲಿಸ್ಯಾಳ. ಅರ್ಧ ಅಲ್ಲ ಅಬ್ಬಾ, ಮುಕ್ಕಾಲು. ಬರೆಯುವ ಸಿಇಟಿ ಮುಗಿದಿದೆ, ಅದರಲ್ಲಿ ಫಿಸಿಕ್ಸು ನನ್ನನ್ನು ನೋಡಿ ನಕ್ಕಿತು, ನಾನೂ ಅದನ್ನು ನೋಡಿ ನಕ್ಕೆ, ಇನ್ನು ಉಳಿದದ್ದು ಇದೊಂದೇ, ರೈತರ ಮಕ್ಕಳಿಗೆಂದು ಇಟ್ಟಿರುವ ಕೃಷಿ ಕೋಟಾದ ಪ್ರಾಯೋಗಿಕ ಪರೀಕ್ಷೆ, ಮೇಜಿನ ಮೇಲೆ ಬೀಜ ಗೊಬ್ಬರ ಹುಳ ಸಲಕರಣೆ ಇಟ್ಟಿರುತ್ತಾರಂತೆ, ನೋಡಬೇಕು, ಗುರುತು ಹಿಡಿದು ಬರೆಯಬೇಕು, ಮುಂದಕ್ಕೆ ಸರಿಯಬೇಕು. ಇದರಲ್ಲಿ ಚೆನ್ನಾಗಿ ಬಂದರೆ ಕಲಬುರಗಿಯ ಕೃಷಿ ಕಾಲೇಜು, ದಿನಾ ಬಸ್ಸಲ್ಲಿ ಹೋಗಿ ಬರಬಹುದು, ಬರದಿದ್ದರೆ ಎಲ್ಲೋ ದೂರದ ಊರು, ದೂರದ ಊರಿನ ಹಾಸ್ಟೆಲ್ಲಿಗೆ ದಾದಿ, ಅಬ್ಬಾನ ಅಮ್ಮ, ಒಲ್ಲೆ ಅಂದಾಗಿದೆ, ಚಾಂದಪಾಶಾ ಚಾಚಾ ಆಗಲೇ ಬಿಕಾಂ ಸೀಟು ಮಾತಾಡಿ ಇಟ್ಟಿದ್ದಾರೆ, ಹುಡುಗಿಗೆ ಲೆಕ್ಕ ಬರ್ತದ, ಕುಂತು ಮಾಡೋ ಕೆಲಸ, ಬಿಸಿಲಾಗ ತಿರಗೂದು ತಪ್ಪತದ. ನನಗೆ ಬಿಸಿಲೇ ಬೇಕು ಚಾಚಾ. ನಮ್ಮ ತೋಟದ ಬಡಗಣ ಸಾಲಿನ ಬಾಳೆ ಮೂರು ವರ್ಷದಿಂದ ಗೊನೆ ಹಾಕುವ ಹೊತ್ತಿಗೆ ಹಳದಿಯಾಗಿ ಕೂರುತ್ತದೆ, ಒಬ್ಬರು ನೀರು ಹೆಚ್ಚಾಯಿತು ಅನ್ನುತ್ತಾರೆ, ಒಬ್ಬರು ನೀರು ಕಡಿಮೆ, ದಾದಿ ನಜರ್, ಯಾರದೋ ದೃಷ್ಟಿ ಅನ್ನುತ್ತಾಳೆ, ಔಷಧದ ಅಂಗಡಿಯವನು ಅಂಗಡಿಯಲ್ಲಿ ಏನು ಮಿಕ್ಕಿದೆಯೋ ಅದರ ಹೆಸರು ಹೇಳುತ್ತಾನೆ, ಅಬ್ಬಾ ಎಲ್ಲರಿಗೂ ಹೌದ್ರಿ ಹೌದ್ರಿ ಅಂದು ಬಂದು ಆ ಗಿಡಗಳ ಮುಂದೆ ಸುಮ್ಮನೆ ನಿಲ್ಲುತ್ತಾರೆ, ಅವರ ಪಕ್ಕ ನಿಂತು ಇದು ಇಂಥದ್ದು ಅಬ್ಬಾ ಎಂದು ಹೇಳುವವಳು ನಾನಾಗಬೇಕು, ಬೇರೆ ಏನೂ ಬೇಡ.

ಈ ತಯಾರಿಯಾದರೂ ಎಂಥದು, ಮನೆಮಂದಿಯೆಲ್ಲ ಕೂಡಿ ಮಾಡಿದ್ದು, ಕೆಡಿಸಿದ್ದೂ ಅವರೇ. ಅಬ್ಬಾ ಹೋದ ಚಳಿಗಾಲದಲ್ಲೇ ತೊಗರಿಯ ಕಾಯಿಕೊರಕ ಹುಳ ಹಿಡಿದು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದರು, ಡಬ್ಬಿ ತೊಳೆಯಲು ತೆಗೆದವಳು ದಾದಿ, ಆ ದಿನ ಓಣಿಗೆಲ್ಲ ಪರೀಕ್ಷೆಯ ಸುದ್ದಿ ಗೊತ್ತಾಯಿತು. ನಾನು ಒಂದೊಂದು ಹಿಡಿ ಕಾಳು ಬಟ್ಟೆಚೂರುಗಳಲ್ಲಿ ಗಂಟುಕಟ್ಟಿ ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟಿದ್ದೆ, ಕಣ್ಣು ಮುಚ್ಚಿ ಒಂದು ಗಂಟು ಎತ್ತುವುದು, ಬಿಚ್ಚುವುದು, ಹೇಳುವುದು, ಅಷ್ಟರಲ್ಲಿ ಮೊಹರಂ ಬಂತು, ಹತ್ತನೇ ದಿನದ ಖಿಚಡಾ, ಎಲ್ಲ ಧಾನ್ಯ ಎಲ್ಲ ಬೇಳೆ ಮಾಂಸದ ಜೊತೆ ಒಂದೇ ಪಾತ್ರೆಯಲ್ಲಿ ಬೇಯಬೇಕು, ದಾದಿಗೆ ಆ ಮಾಡ ಕಂಡಿತು, ಇತ್ತೇ ಇತ್ತೇ ದಾಲಾಂ ಕೈಕು ಬಾಂದ್ಕೆ ರಖೀ ಗೇ, ಇಷ್ಟಿಷ್ಟೇ ಬೇಳೆ ಯಾಕ ಕಟ್ಟಿಟ್ಟೀಯೇ, ಯಾರಿಗೆ ಸಾಲತಾವ, ಅನ್ನುತ್ತ ನನ್ನ ಪರೀಕ್ಷೆಯನ್ನೆಲ್ಲ ಬಿಚ್ಚಿ ಪಾತ್ರೆಗೆ ಸುರಿದಳು. ಬೆಂದ ಖಿಚಡಾದ ಮುಂದೆ ನಾನು ಅಳುಮುಖ ಮಾಡಿದೆ. ಅಳ್ತಿ ಯಾಕ, ಎಲ್ಲಿಗಿ ಹೋಗ್ಯಾವ, ಇಲ್ಲೇ ಅವ, ಬಾಯಿ ತೆಗಿ — ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚು, ಹಲ್ಲಿಗಿ ಏನ್ ಸಿಕ್ತು ಹೇಳು — ಗೋಧಿ ದಾದಿ — ಇದು — ಕಡ್ಲಿ — ಇದು — ಇದು ಮಾಂಸ — ಶಾಬಾಸ್, ಪಾಸ್ ಆದಿ ಹೋಗು. ಅದೇ ದಿನ ಕಾಲೇಜಿನ ಗೆಳತಿ ಮಂಜುಷಾ ಫೋನ್ ಮಾಡಿದ್ದಳು, ಇವತ್ತ ನಮ್ಮಲ್ಲಿ ಏಕಾದಶಿ ನೋಡು, ಒಲಿ ಹಚ್ಚಂಗಿಲ್ಲ, ನಿಮ್ಮ ದಾದಿ ಏನ ಮಾಡ್ಯಾರ ಹೇಳು, ಕೇಳಿಯಾದ್ರೂ ಹೊಟ್ಟಿ ತುಂಬಸ್ಕೋತೀನಿ, ಹಿಂದಿನಿಂದ ಬ್ರಹ್ಮಪುರದ ಅಜ್ಜಿ ಜಾನಕೀಬಾಯಿಯ ದನಿ, ಏಕಾದಶಿ ದಿನ ಅದೇನ ಕೇಳ್ಕೋತ ಕೂತೀ, ಫೋನ್ ಇಡು, ಬೇಡ ಇಡಬ್ಯಾಡ, ಹುಡುಗೀಗೆ ಪರೀಕ್ಷಾ ಯಾವಾಗ ಅದ ಕೇಳು.

ಬ್ರಹ್ಮಪುರದ ಆ ಪಡಸಾಲೆ. ಪಿಯುಸಿಯ ಎರಡೂ ವರ್ಷ ಮಧ್ಯಾಹ್ನ ಕ್ಲಾಸಿಗೂ ಕೋಚಿಂಗಿಗೂ ನಡುವೆ ನಾನು ಅಲ್ಲೇ, ಮಂಜುಷಾ ನನ್ನ ಬೆಂಚಿನವಳು, ಅವಳ ಅಜ್ಜಿ ಜಾನಕೀಬಾಯಿ ಮಡಿ ಅಂದರೆ ಮಡಿ, ಒಳಗಿನ ಹೊಸ್ತಿಲು ನಾನು ದಾಟಿಲ್ಲ, ಮಂಜುಷಾಳೂ ಸ್ನಾನವಿಲ್ಲದೆ ದಾಟುವಂತಿಲ್ಲ, ಇಬ್ಬರಿಗೂ ಪಡಸಾಲೆಯೇ, ನಾನು ತೋಟದಿಂದ ಬಾಳೆ ಎಲೆ ಕೊಯ್ದು ಸುರುಳಿ ಸುತ್ತಿ ತರುತ್ತಿದ್ದೆ, ನಿನ್ನ ಎಲೀ ಮ್ಯಾಲ ನಿನಗ ಬಡಸೂದು, ಉಪಕಾರ ಯಾರದು ಯಾರಿಗೆ ಅಂತ ಆ ಪಾಂಡುರಂಗನೇ ಹೇಳಬೇಕು ಎನ್ನುತ್ತ ಅಜ್ಜಿ ಬಗ್ಗಿ ಬಡಿಸುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಒಂದು ದಿನ ಎಲೆಯ ಮೇಲೆ ಬೇಳೆಯೇ ಇಲ್ಲ, ಖಾರವೂ ಇಲ್ಲ, ಹುಳಿಯೂ ಇಲ್ಲ, ಅಜ್ಜಿ ಇವತ್ತೇನು ಮರತೀರಿ ಅಂದೆ, ಮರತಿಲ್ಲ ತಂಗಿ, ಚಾತುರ್ಮಾಸ್ಯದ ಕಡೀ ತಿಂಗಳು, ನಾಕು ತಿಂಗಳು ನಾಕು ವ್ರತ, ಮೊದಲನೇ ತಿಂಗಳು ಕಾಯಿಪಲ್ಯ ಬಿಡೂದು, ಎರಡನೇದು ಮೊಸರು, ಮೂರನೇದು ಹಾಲು, ನಾಕನೇದು ದ್ವಿದಳ. ನಾನೂ ಮಂಜುಷಾಳೂ ಒಬ್ಬರ ಮುಖ ಒಬ್ಬರು ನೋಡಿದೆವು, ಬೆಳಿಗ್ಗೆಯಷ್ಟೇ ಬಯಾಲಜಿ ಮೇಡಂ ಬೋರ್ಡಿನ ಮೇಲೆ ಬರೆದು ಯಾರಿಗೂ ತಲೆಗೆ ಹತ್ತದೆ ಬಿಟ್ಟುಹೋದ ಪಾಠ ಇಲ್ಲಿ ಎಲೆಯ ಮೇಲೆ ಬಂದು ಕೂತಿದೆ. ದ್ವಿದಳ ಅಂದ್ರ ಯಾವ್ಯಾವು ಅಜ್ಜಿ. ಒಡದ್ರ ಎರಡಾಗೋ ಕಾಳೆಲ್ಲ, ತೊಗರಿ ಇಲ್ಲ, ಕಡ್ಲಿ ಇಲ್ಲ, ಸಾಸಿವಿ ಇಲ್ಲ, ಮೆಂತೆ ಇಲ್ಲ, ಹುಣಸಿಬೀಜ ಎರಡಾಗತದ ಅಂತ ಹುಣಸಿಹಣ್ಣೂ ಇಲ್ಲ, ಮೆಣಸಿನಕಾಯಿನೂ ಇಲ್ಲ. ನಾನು ಊಟ ಬಿಟ್ಟು ಪುಸ್ತಕ ತೆಗೆದೆ, ತೊಗರಿ ಸರಿ, ಸಾಸಿವೆ ಸರಿ, ಹುಣಸೆ ಸರಿ, ಇಡೀ ಪಾಠ ಅಜ್ಜಿಯ ನಾಲಿಗೆಯ ಮೇಲೆ, ಆ ದಿನದಿಂದ ನಾನು ಓದಿದ್ದು ಹಾಗೆಯೇ, ಪ್ರಶ್ನೆ ಬಂದರೆ ಪುಸ್ತಕ ಬೇಡ, ನಾಲ್ಕನೇ ತಿಂಗಳು ಅಜ್ಜಿ ಇದನ್ನು ತಿನ್ನುತ್ತಾರೋ ಇಲ್ಲವೋ, ತಿನ್ನುತ್ತಾರೆಂದರೆ ಏಕದಳ, ತಿನ್ನುವುದಿಲ್ಲವೆಂದರೆ ದ್ವಿದಳ. ಅಕ್ಕಿ ತಿನ್ನುತ್ತಾರೆ, ಗೋಧಿ ತಿನ್ನುತ್ತಾರೆ, ತೆಂಗು ತಿನ್ನುತ್ತಾರೆ. ಮತ್ತ ಈ ಸಾರು ಯಾತರದು ಅಜ್ಜಿ. ಜೀರಿಗಿದು, ಜೀರಿಗಿ ನಡೀತದ. ಯಾಕ ನಡೀತದ. ಯಾಕಂದ್ರ, ಒಡದು ಎರಡ ಮಾಡಿ ತೋರಸು ನೋಡೋಣು — ಒಂದು ಜೀರಿಗೆ ನನ್ನ ಅಂಗೈಗೆ ಹಾಕಿದರು, ಉಗುರಿನಿಂದ ಒತ್ತಿದೆ, ಪುಡಿಯಾಯಿತು, ಎರಡಾಗಲಿಲ್ಲ. ಆತಿಲ್ಲೋ. ಆತು ಅಜ್ಜಿ.

ಬಸ್‌ಸ್ಟ್ಯಾಂಡು, ಆಟೋ, ಗೇಟು, ಗೇಟಿನಲ್ಲಿ ಅಬ್ಬಾ ಹಣ್ಣಿನ ಚೀಲವನ್ನೂ ನನ್ನ ಫೋನನ್ನೂ ಹಿಡಿದು ನಿಂತರು, ಹೆದರಬ್ಯಾಡ ಬೇಟಾ, ನೀ ಕಾಣದ್ದು ಏನಿರತದ ಅಲ್ಲಿ, ಎಲ್ಲಾ ಹೊಲದಾಗಿಂದೇ, ಅಂದರು. ಈಗ ಉದ್ದನೆಯ ಕೊಠಡಿ, ಗೋಡೆಗುಂಟ ಮೇಜುಗಳು, ಗಂಟೆ ಬಾರಿಸಿದರೆ ಎಲ್ಲರೂ ಒಂದು ಮೇಜು ಸರಿಯಬೇಕು, ಸಂಗೀತ ಕುರ್ಚಿಯ ಆಟದ ಹಾಗೆ, ಕುರ್ಚಿ ಮಾತ್ರ ಇಲ್ಲ. ಕುಂಟೆ, ಬರೆದೆ. ತೊಗರಿ, ದ್ವಿದಳ, ಬರೆದೆ. ಸಾಸಿವೆ, ದ್ವಿದಳ, ಬರೆದೆ. ಕುಸುಬಿ ಬೀಜ, ಬರೆದೆ, ಗಿಡದ ಮುಳ್ಳು ಇಲ್ಲದಿದ್ದರೂ ಕಂಡುಹಿಡಿದೆ. ಅಗಸಿ, ಮಿಂಚುತ್ತ ಮಲಗಿದೆ, ಬಾ ಅಗಸಿ, ನಿನ್ನ ಚಟ್ನಿ ನಿನ್ನೆಯೇ ತಿಂದೆ. ಕಾಯಿಕೊರಕ ಹುಳ, ಸಲಾಮ್, ಇದನ್ನು ಹುಡುಕಲು ಅಬ್ಬಾನ ಡಬ್ಬಿ ಬೇಕಿಲ್ಲ. ನನ್ನ ಹಿಂದಿನ ಮೇಜಿನ ಹುಡುಗ ಹುಳ ನೋಡಿ ಒಂದು ಹೆಜ್ಜೆ ಹಿಂದೆ ಸರಿದ, ಮೇಲ್ವಿಚಾರಕರು, ಏ ತಮ್ಮಾ, ಅದು ಸತ್ತದ, ನೀ ಬದುಕು, ಬರಿ, ಅಂದರು. ಮುಂದಿನದು ತಟ್ಟೆಯಲ್ಲಿ ಜೀರಿಗೆ, ಹೆಸರು ಬರೆ, ಉಪಯೋಗ ಬರೆ, ಏಕದಳವೋ ದ್ವಿದಳವೋ ಬರೆ, ನನ್ನ ಪೆನ್ನು ನಿಲ್ಲಲೇ ಇಲ್ಲ, ಕಣ್ಣ ಮುಂದೆ ಅಜ್ಜಿ ನಕ್ಕರು, ನಡೀತದ — ಏಕದಳ. ಗಂಟೆ. ಬಿಳಿ ಹರಳಿನ ಗೊಬ್ಬರ, ಇದು ಯೂರಿಯಾವೋ ಇನ್ನೊಂದೋ, ಮುಟ್ಟುವಂತಿಲ್ಲ, ಯೂರಿಯಾ ಎಂದು ಬರೆದು ಪಕ್ಕದಲ್ಲಿ ಸಣ್ಣ ಚುಕ್ಕೆ ಇಟ್ಟೆ, ಬರಲು ಸಾಧ್ಯವಾದರೆ ಮತ್ತೆ ಬರುತ್ತೇನೆ ಎಂದು. ಗಂಟೆ. ಒದ್ದೆ ಬಟ್ಟೆ ಹಾಸಿದ ತಟ್ಟೆ, ಬಟ್ಟೆಯ ಮೇಲೆ ಮೊಳಕೆ, ಯಾವ ಬೆಳೆಯ ಸಸಿ ಗುರುತಿಸಿ — ಎರಡು ಎಲೆ, ದಾರದಷ್ಟು ಸಣ್ಣವು, ಹುಲ್ಲೇ, ಅಲ್ಲ ಹುಲ್ಲಲ್ಲ, ಹುಲ್ಲಾದರೆ ಒಂದೇ ಏಳುತ್ತದೆ, ಇವು ಜೋಡಿ, ಉಳ್ಳಾಗಡ್ಡಿಯೇ, ಅಲ್ಲ, ಎಷ್ಟು ಹೊಲ ತಿರುಗಿದರೂ ಇದನ್ನು ಕಂಡೇ ಇಲ್ಲ, ಖಾಲಿ ಬಿಟ್ಟೆ, ಗಂಟೆ.

ಎಲೆಯ ಮೇಲಿನ ಚುಕ್ಕೆ ರೋಗ, ಬರೆದೆ, ಎರಡು ಎಲೆ ದಾರದಷ್ಟು ಸಣ್ಣವು, ಸಜ್ಜೆ, ಬರೆದೆ, ಕುಡುಗೋಲು ಬರೆದೆ, ಆ ಎಲೆಗಳು ಹಾಗೇ ನಿಂತಿವೆ ಕಣ್ಣಲ್ಲಿ, ತುದಿಗೆ ಏನೋ ಅಂಟಿತ್ತಲ್ಲ, ಒಂದು ಎಲೆಯ ತುದಿಗೆ, ಕಂದು ಬಣ್ಣದ್ದು, ಮಣ್ಣೇ, ಒದ್ದೆ ಬಟ್ಟೆಯ ಮೇಲೆ ಮಣ್ಣೆಲ್ಲಿಂದ ಬರಬೇಕು. ಮುಗೀತು ನೋಡ್ರಿ, ಮೇಲ್ವಿಚಾರಕರು ಚಪ್ಪಾಳೆ ತಟ್ಟಿದರು, ಯಾರ್ದಾದ್ರೂ ಬಿಟ್ಟಿದ್ರ ಒಂದ್ ಮೇಜಿಗಿ ಹೋಗಿ ಬರ್ರಿ, ಒಂದಕ್ಕೇ, ತಪ್ಪಿದ್ದರ ಒಂದು ಗೀಟು ಹೊಡದು ಮಗ್ಗಲಕ್ಕ ಬರೀರಿ, ಗಿಜಿಬಿಜಿ ಮಾಡಿದ್ರ ಅಂಕ ಇಲ್ಲ. ಚುಕ್ಕೆ ಇಟ್ಟ ಗೊಬ್ಬರವೋ, ಈ ಸಸಿಯೋ, ಗೊಬ್ಬರಕ್ಕೆ ಹೋಗು ಮುನೀರಾ, ಅದು ಅರ್ಧ ಗೊತ್ತಿದೆ, ಸಸಿ ಏನೂ ಗೊತ್ತಿಲ್ಲ, ಕಾಲು ಕೇಳಲಿಲ್ಲ, ಸಸಿಯ ಕಡೆಗೇ ನಡೆದವು. ಬಗ್ಗಿದೆ. ಒಂದು ಎಲೆಯ ತುದಿಯಲ್ಲಿ ಹೊಟ್ಟು ಇನ್ನೂ ಬಿಟ್ಟಿಲ್ಲ, ಟೊಪ್ಪಿಗೆಯಂತೆ ಕೂತಿದೆ, ಉದ್ದುದ್ದ ಗೆರೆ, ಬಾಗಿದ ಬೆನ್ನು, ಇದನ್ನು ನಾನು ದಿನಾ ನೋಡುತ್ತೇನೆ, ದಿನಾ, ಮೂಗು ಹತ್ತಿರ ಒಯ್ದೆ, ಒದ್ದೆ ಬಟ್ಟೆಯ ವಾಸನೆಯ ಕೆಳಗೆ ಇನ್ನೊಂದು, ನಮ್ಮ ಮನೆಯದು, ಬ್ರಹ್ಮಪುರದ ಪಡಸಾಲೆಯದು — ಜೀರಿಗೆ. ನಮ್ಮಲ್ಲಿ ಜೀರಿಗೆ ಯಾವಾಗಲೂ ಎಣ್ಣೆಗೇ ಬಿದ್ದದ್ದು, ಮಣ್ಣಿಗೆ ಬಿದ್ದದ್ದನ್ನು ಯಾರು ನೋಡಿದ್ದಾರೆ. ಎರಡು ಎಲೆ. ಬೀಜದೊಳಗೆ ಮಡಚಿ ಮಲಗಿದ್ದದ್ದು ಎರಡು, ನನ್ನ ಉಗುರಿಗೆ ಸಿಗದಷ್ಟು ಸಣ್ಣವು, ಅಷ್ಟೆ. ಸಸಿಯ ಹೆಸರು ಬರೆದೆ, ಹಾಳೆ ತಿರುವಿದೆ, ಏಕದಳದ ಮೇಲೆ ಒಂದೇ ಗೀಟು, ಪಕ್ಕದಲ್ಲಿ ದ್ವಿದಳ, ಎಷ್ಟು ಚಂದದ ಅಕ್ಷರ, ಹಾಳೆ ಕೊಟ್ಟೆ. ಗೊಬ್ಬರ ಹೋಗಲಿ, ಉಳಿದದ್ದೆಲ್ಲ ಬಂದಿದೆ, ನನಗೆ ಗೊತ್ತು, ಮೈಗೆ ಗೊತ್ತಾಗುತ್ತದೆ ಇಂಥದ್ದು, ಬಿಕಾಂ ಸೀಟು ಚಾಂದಪಾಶಾ ಚಾಚಾ ಬೇಕಾದರೆ ತಾವೇ ಓದಲಿ.

ಅಬ್ಬಾ ಗೇಟಿನಲ್ಲಿ ನನ್ನ ಮುಖ ಓದಿದರು, ಒಂದು ಹಣ್ಣು ಸುಲಿದು ಕೈಗಿಟ್ಟರು, ಇದು ಅಜ್ಜಿದಲ್ಲೇನು ಅಬ್ಬಾ, ಒಂದ್ ಕಡಿಮಿ ಆದ್ರ ಅವರೇನು ಎಣಸಂಗಿಲ್ಲ ತಿನ್ನು, ಬಿಸಿಲು ಸುಖವಾಗಿದೆ, ಹಣ್ಣು ಸುಖವಾಗಿದೆ, ನಾಳೆಯಿಂದ ಬಡಗಣ ಸಾಲಿನ ಹಳದಿ ಎಲೆಗಳನ್ನು ನಾನು ಬೇರೆ ಕಣ್ಣಿಂದ ನೋಡುತ್ತೇನೆ, ಫೋನು ರಿಂಗಾಗುತ್ತಿದೆ, ಮಂಜುಷಾ, ಏ ಹೆಂಗಾತು — ಭಾರಿ ಆತು ನೋಡು — ಅಜ್ಜಿ, ಭಾರಿ ಆತಂತ್ರಿ — ಇಲ್ಲಿ ಕೊಡು ಫೋನು, ನಾ ಮಾತಾಡ್ತೀನಿ, ಹಾಂ ಮುನೀರಾ, ಸೀದಾ ಮನೀಗೆ ಬಾ, ಅಪ್ಪನ್ನೂ ಕರಕೊಂಡು ಬಾ, ಕಾಯಿಪಲ್ಯ ಇಲ್ಲದ ಊಟ, ನನಗ ಮೊದಲನೇ ತಿಂಗಳು ಸುರು ಆಗೇದ, ಹೆಸರಬ್ಯಾಳಿ ನಡೀತದ, ಎಲಿ ತಂದೀಯೋ ಇಲ್ಲೋ — ಎಲೆ ಮರೆತೆ ಅಜ್ಜಿ, ಹಣ್ಣು ತಂದೇವಿ — ಹಣ್ಣಿರಲಿ, ಮತ್ತ ದ್ವಿದಳದ್ದು ಕೇಳಿದ್ರೇನು, ನಾ ಹೇಳಿದ್ದು ಎಲ್ಲಾ ಬಂತಿಲ್ಲೋ — ಬಂತು ಅಜ್ಜಿ, ತೊಗರಿ ಬಂತು, ಸಾಸಿವಿ ಬಂತು — ಬರಲೇಬೇಕು, ಮದಿವಿಯಾಗಿ ಈ ಮನೀಗೆ ಬಂದಾಗಿಂದ ಹಿಡದ ವ್ರತ, ಒಂದು ವರ್ಷ ತಪ್ಪಿಲ್ಲ, ಒಂದು ಕಾಳು ತಪ್ಪಿಲ್ಲ. ಅವರ ದನಿಯಲ್ಲಿ ಎಂಥ ಹಿಗ್ಗು, ಪರೀಕ್ಷೆ ಬರೆದು ಬಂದವರು ಅವರೇ ಏನೋ ಅನ್ನುವ ಹಾಗೆ, ಒಂದು ಕಾಳು ತಪ್ಪಿಲ್ಲ, ಎಷ್ಟು ಕಾರ್ತಿಕ, ಎಷ್ಟು ಪಾತ್ರೆ ಜೀರಿಗೆ ಸಾರು, ಆ ಸಾರಿನ ಘಮಕ್ಕೆ ನಾನು ಎಷ್ಟು ಮಧ್ಯಾಹ್ನ ಓಡೋಡಿ ಹೋಗಿದ್ದೇನೆ, ಜೀರಿಗಿ ಕೇಳಿದ್ರೇನು ಹುಡುಗಿ — ಕೇಳಿದ್ರು ಅಜ್ಜಿ — ಮತ್ತ ಏನು ಬರದಿ — ಅಬ್ಬಾ ಚೀಲ ಹೆಗಲಿಗೇರಿಸಿ ಆಟೋ ನಿಲ್ಲಿಸುತ್ತಿದ್ದಾರೆ, ಬ್ರಹ್ಮಪುರ ಬರ್ತೀರೇನು, ಬರ್ತೀನ್ರಿ ಕೂಡ್ರಿ, ನಾನು ಬಾಯಿ ತೆರೆದಿದ್ದೇನೆ, ಹಣ್ಣು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ, ಹೇಳು ಹುಡುಗಿ, ಏನು ಬರದಿ — ಎರಡು ಎಲೆ, ದಾರದಷ್ಟು ಸಣ್ಣವು, ಒಂದರ ತುದಿಯಲ್ಲಿ ಹೊಟ್ಟಿನ ಟೊಪ್ಪಿಗೆ, ಇನ್ನೂ ಬಿದ್ದಿಲ್ಲ.