ಒದ್ದೆ ಗಂಟು

"ಕಣ್ಣೇನು ಕುಂಡೀಲಿ ಇಟ್ಕೊಂಡಿದ್ದೀಯೇನೇ, ಮುಂಡೇದೆ? ಇದನ್ನ ಬಿಳುಪು ಅಂತಾರಾ?"

ಮೇಸ್ತ್ರಿ ಎಸೆದ ಹಸಿ ಬೆಡ್‌ಶೀಟು ದೊಡ್ಡಕ್ಕನ ಮುಖಕ್ಕೆ ಬಡಿದು ಹೆಗಲ ಮೇಲೆ ಜೋತುಬಿತ್ತು. ಆಸ್ಪತ್ರೆಯ ಹಿಂಭಾಗದ ಒಗೆಯುವ ಷೆಡ್ಡಿನಲ್ಲಿ ಅವಳು ಮೊಣಕಾಲುಮಟ್ಟ ಸೋಡಾ ನೀರಿನಲ್ಲಿ ನಿಂತಿದ್ದಳು. ಮುಖ ಒರೆಸಿಕೊಳ್ಳಲಿಲ್ಲ. ಒರೆಸುವ ಕೈಗೂ ಅದೇ ನೀರು.

"ನಾಳೆ ಮಂತ್ರಿಗಳು ಬರ್ತಿದಾರೆ. ವೇದಿಕೆಗೆ ಹಾಸೋದು ಇದು. ಯಾವಳದೋ ಹೆರಿಗೆ ಕಲೆ ಮೇಲೆ ನಿಲ್ಲಿಸ್ತೀಯಾ ಅವರನ್ನ?"

"ಅವ್ನೇನು ಆಕಾಶದಿಂದ ಉದುರಿದ್ನಾ? ಅಲ್ಲಿಂದ್ಲೇ ಬಂದೋನು," ಎಂದಳು ಪಕ್ಕದ ತೊಟ್ಟಿಯಲ್ಲಿದ್ದ ದೊಡ್ಡಕ್ಕನ ಮಗಳು.

ಹೆಂಗಸರು ಕಿಸಕ್ಕೆಂದರು.

"ನಗ್ರೇ, ನಗ್ರಿ. ನಾಳೆ ಬಟ್ಟೆ ಒಗೆಯೋ ಮಷೀನ್ ಶುರುವಾಗ್ಲಿ. ಅದಕ್ಕೆ ಹಲ್ಲೂ ಇಲ್ಲ, ನಾಲಿಗೆಯೂ ಇಲ್ಲ. ನಾಡಿದ್ದಿಂದ ನೀವು ಮನೇಲಿ ಕೂತ್ಕೊಂಡು ಬೇಕಾದಷ್ಟು ನಗಬಹುದು."

ನಗು ಅಲ್ಲಿಗೇ ಕಟ್ ಆಯಿತು. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಆ ಮಂತ್ರಿ ಒಂದು ಕಾಲಕ್ಕೆ ಇದೇ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ. ಗಾಳಿ ಬಂದರೆ ಹಾರಿಹೋಗುವಂತಿದ್ದುದಕ್ಕೆ ಎಲ್ಲರ ಬಾಯಲ್ಲೂ 'ಕಡ್ಡಿ'. ಕಂಟ್ರಾಕ್ಟ್ ತೆಗೆದುಹಾಕಿ, ನಮ್ಮನ್ನು ಖಾಯಂ ಮಾಡಿ ಎಂದು ಹೆಂಗಸರು ಗೇಟಿನಲ್ಲಿ ಕೂತಾಗ ಅವರ ಜೊತೆ ಕೂತ ಗಂಡಸು ಅವನೊಬ್ಬನೇ. ದೊಡ್ಡಕ್ಕನ ಡಬ್ಬಿಯಲ್ಲೇ ಊಟ, ದೊಡ್ಡಕ್ಕನ ಸೆರಗಿಗೇ ಕೈ ಒರೆಸುವುದು. ಆ ಗೇಟಿನಿಂದ ಎದ್ದವನು ನಗರಸಭೆಗೆ ಹೋದ, ಅಲ್ಲಿಂದ ಮೇಲಕ್ಕೆ, ಇನ್ನೂ ಮೇಲಕ್ಕೆ. ಕಂಟ್ರಾಕ್ಟ್ ಮಾತ್ರ ಹೋಗಲಿಲ್ಲ, ಕಂಟ್ರಾಕ್ಟರ್ ಬದಲಾದ. ಈಗಿನವನು ಕಡ್ಡಿಯ ಭಾಮೈದ. ಮಷೀನೂ ಅವನದೇ.

"ನಾಳೆ ಗೇಟಲ್ಲಿ ಕೂರೋದೇ," ಮಗಳು ಬೆಡ್‌ಶೀಟಿನ ಒಂದು ತುದಿಯನ್ನು ತಾಯಿಯ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು. "ನೀನು ಬರ್ತೀಯಾ, ಇಲ್ವಾ?"

"ಮೊದ್ಲು ಹಿಂಡು," ಎಂದಳು ದೊಡ್ಡಕ್ಕ.

*

ಬೆಳಿಗ್ಗೆ ಅವಳೊಬ್ಬಳಿಗೇ ಕರೆ ಬಂತು. ಆಸ್ಪತ್ರೆಯ ಹಿರಿಯ ಸಾಹೇಬರ ಕೋಣೆ, ಸಾಹೇಬರ ಕುರ್ಚಿಯಲ್ಲಿ ಮಂತ್ರಿ. ಒಳಗೆ ಕಾಲಿಟ್ಟರೆ ಮೈ ನಡುಗುವಷ್ಟು ತಂಪು. ಅವಳ ಸೀರೆಯ ಅಂಚು ಇನ್ನೂ ತೊಟ್ಟಿಕ್ಕುತ್ತಿತ್ತು. ಕೂರಿಸಬೇಕೋ ಬೇಡವೋ ತಿಳಿಯದೆ ಜವಾನ ಮಂತ್ರಿಯ ಮುಖ ನೋಡಿದ. ಮಂತ್ರಿ ಗೋಣು ಹಾಕಿದ ಮೇಲೆ ಸೋಫಾದ ಮೇಲೆ ಹಳೆಯ ಪೇಪರ್ ಹಾಸಿದ. ದೊಡ್ಡಕ್ಕ ಪೇಪರಿನ ಮೇಲೆ ಕೂತಳು. ಅದು ತೊಡೆಗೆ ಅಂಟಿಕೊಂಡಿತು.

"ಏನಕ್ಕಾ, ಹೀಗೆ ಸೊರಗಿಹೋಗಿದ್ದೀಯ!"

"ನೀನು ತುಂಬ್ಕೊಂಡಿದ್ದೀಯಲ್ಲಪ್ಪ, ಸರಿಹೋಯ್ತು ಬಿಡು."

ಮಂತ್ರಿ ದೊಡ್ಡದಾಗಿ ನಕ್ಕ. ಆಮೇಲೆ ಮುಂದಕ್ಕೆ ಬಾಗಿದ. "ನೋಡಕ್ಕಾ, ಕೂಗಾಡೋ ಕಾಲ ಬೇರೆ, ಆಳೋ ಕಾಲ ಬೇರೆ. ಆವಾಗ ಸರ್ಕಾರ ಅವರದು, ಕೂತ್ವಿ. ಈಗ ನಾವೇ ಸರ್ಕಾರ. ನಮ್ಮ ಮೇಲೆ ನಾವೇ ಧರಣಿ ಕೂರೋದಾ? ಜನ ಏನಂತಾರೆ?"

ದೊಡ್ಡಕ್ಕ ತನ್ನ ಅಂಗೈ ನೋಡಿಕೊಂಡಳು. ಸೋಡಾ ತಿಂದು ಗೆರೆಗಳೆಲ್ಲ ಅಳಿಸಿಹೋಗಿದ್ದವು. 'ನಾವೇ' ಎನ್ನುವುದರಲ್ಲಿ ತಾನು ಎಲ್ಲಿದ್ದೇನೆ ಎಂದು ಕೇಳುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

"ನಿನ್ ಮಗಳು ಮಷೀನಲ್ಲಿ ಇರ್ತಾಳೆ. ಖಾಯಂ. ನನ್ನ ಮಾತು. ನೀನು ವೇದಿಕೆ ಮೇಲೆ ನನ್ನ ಪಕ್ಕ ಕೂತ್ಕೋ, ಅಷ್ಟೇ. ಗೇಟಲ್ಲಿ ಕೂತೋರಿಗೆ ಒಂದ್ ಮಾತು ಹೇಳು, ಎದ್ದು ಹೋಗ್ತಾರೆ."

"ಉಳಿದೋರು?"

ಮಂತ್ರಿಯ ಫೋನು ಬಡಿದುಕೊಂಡಿತು. ಅವನು ಎದ್ದು ಕಿಟಕಿಯ ಕಡೆ ತಿರುಗಿದ. ಜವಾನ ಬಾಗಿಲು ತೆರೆದು ಹಿಡಿದ.

*

ಗೇಟಿನಲ್ಲಿ ಹೆಂಗಸರು ಆಗಲೇ ಕೂತಿದ್ದರು. ಒದ್ದೆ ಬೆಡ್‌ಶೀಟುಗಳನ್ನು ಇಬ್ಬಿಬ್ಬರು ಎದುರುಬದುರು ನಿಂತು ಹಿಂಡಿ, ಹಿಂಡಿ, ಹಗ್ಗವಾಗಿಸಿ, ಒಂದಕ್ಕೊಂದು ಸೇರಿಸಿ, ಎಲ್ಲರ ಸೊಂಟಕ್ಕೂ ಸುತ್ತಿ ತಂದು ಗೇಟಿನ ಕಂಬಕ್ಕೆ ಬಿಗಿದಿದ್ದರು. ಅವರ ಕೂರುವ ರೀತಿಯೇ ಅದು. ನಡುವೆ ಯಾರನ್ನು ಎಳೆದರೂ ಹಗ್ಗ ಇನ್ನಷ್ಟು ಬಿಗಿಯುತ್ತದೆ. ಇಡೀ ಸಾಲನ್ನು ಹಿಡಿದಿಡುವುದು ಕಂಬದ ಬುಡದ ಒಂದೇ ಗಂಟು. ಅದರ ಮೇಲೆ ಒಬ್ಬರು ಕೂತು ಮುಚ್ಚಿಬಿಡುತ್ತಾರೆ. ಗಂಟು ಎಲ್ಲಿದೆ ಎಂದು ಜೊತೆಗೆ ಕೂತವರಿಗೆ ಬಿಟ್ಟರೆ ಹೊರಗಿನ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಹಿಂದಿನ ಸಲ ಪೊಲೀಸರು ಎಳೆದೆಳೆದು ಸುಸ್ತಾಗಿ, ಅಲ್ಲೇ ನೆರಳಿಗೆ ಹೋಗಿ ಕೂತಿದ್ದರು.

ಇವತ್ತು ಗಂಟಿನ ಮೇಲೆ ಮಗಳು ಕೂತಿದ್ದಳು. ದೊಡ್ಡಕ್ಕ ಅವಳ ಮುಂದೆ ಕುಕ್ಕರಿಸಿ, ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು.

"ನನಗೊಬ್ಬಳಿಗಾ?"

"ಕೂಸಿದೆ ನಿಂಗೆ. ಗಂಡ ಅನ್ನಿಸಿಕೊಂಡೋನು ಎಲ್ಲಿದಾನೋ ಗೊತ್ತಿಲ್ಲ. ನನ್ನ ಕೈಲಿ ಇನ್ನೆಷ್ಟು ದಿನ ಆಗತ್ತೆ?"

"ಇವರಿಗೆಲ್ಲ ಕೂಸು ಇಲ್ವಾ?"

"ನಂಗೆ ಸಾಕಾಗಿದೆ ಕಣೇ. ನಾವೂ ಕೂತಿದ್ವಿ. ಕೂತು ಕೂತು ಮೇಲಕ್ಕೆ ಎತ್ತಿದ್ದು ಯಾರನ್ನ? ಅವನನ್ನ."

ಮಗಳು ಮುಖ ಆಚೆ ತಿರುಗಿಸಿದಳು. "ಹೋಗಮ್ಮ. ವೇದಿಕೇಲಿ ಕುರ್ಚಿ ಕಾಯ್ತಿದೆ. ಮೆತ್ತಗಿರತ್ತೆ."

ಸಾಲಿನಲ್ಲಿ ಯಾರೂ ನಗಲಿಲ್ಲ. ಒಬ್ಬಳು ಕಾಲು ಮಡಚಿ ದಾರಿ ಬಿಟ್ಟಳು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಗೇಟಿನ ಒಳಗಡೆಯೇ ವೇದಿಕೆ. ದೊಡ್ಡಕ್ಕ ಮೆಟ್ಟಿಲು ಹತ್ತಿ ಕುರ್ಚಿಯ ತುದಿಯಲ್ಲಿ ಕೂತಳು. ಪಕ್ಕದ ಕುರ್ಚಿಯಲ್ಲಿ ಮಂತ್ರಿ ಬಂದು ಕೂತ. ಮೇಸ್ತ್ರಿ ಓಡಿಬಂದು ಅವಳಿಗೂ ಒಂದು ಲೋಟ ನೀರು ಕೊಟ್ಟು ಹಲ್ಲುಕಿರಿದ.

"ಹೇಳಿದ್ಯಾ, ಅಕ್ಕಾ?" ಮಂತ್ರಿ ಕೇಳಿದ.

"ಹೇಳ್ದೆ. ಕೇಳಲ್ಲ ಅಂದ್ರು."

"ಹೋಗ್ಲಿ ಬಿಡು. ನೀನು ಆರಾಮಾಗಿ ಕೂತ್ಕೋ."

ಪೊಲೀಸರು ಬಂದರು. ಲಾಠಿ ಎತ್ತಲಿಲ್ಲ, ಯಾರನ್ನೂ ಎಳೆಯಲಿಲ್ಲ. ಇನ್‌ಸ್ಪೆಕ್ಟರು ಸಾಲಿನ ಉದ್ದಕ್ಕೂ ಯಾರ ಕಡೆಗೂ ನೋಡದೆ ನಡೆದು, ನೇರ ಕಂಬದ ಬುಡಕ್ಕೆ ಬಂದ. ಇಬ್ಬರು ಹೆಣ್ಣು ಪೊಲೀಸರು ಮಗಳ ಕಂಕುಳಿಗೆ ಕೈ ಹಾಕಿ ಎತ್ತಿದರು. ಕೆಳಗೆ ಗಂಟು. ಇನ್‌ಸ್ಪೆಕ್ಟರು ಜೇಬಿನಿಂದ ಬ್ಯಾಂಡೇಜ್ ಕತ್ತರಿ ತೆಗೆದ. ಕಚಕ್. ಸಾಲು ಪೂರ್ತಿ ಹೊಲಿಗೆ ಬಿಟ್ಟ ಚೀಲದಂತೆ ಸಡಿಲವಾಯಿತು.

ಹುಡುಕಲಿಲ್ಲ. ಒಂದು ಕ್ಷಣವೂ ಹುಡುಕಲಿಲ್ಲ.

ಹಿಂದಿನ ಸಲ ಗಂಟಿನ ಮೇಲೆ ಕೂತಿದ್ದವನು ಕಡ್ಡಿ. 'ಪೊಲೀಸರು ಹೆಂಗಸರನ್ನೇ ಎಳೀತಾರೆ, ಗಂಡಸಿನ ಕೆಳಗೆ ಯಾರು ನೋಡ್ತಾರೆ' ಎಂದು ಅವನನ್ನು ಅಲ್ಲಿ ಕೂರಿಸಿದವಳು ದೊಡ್ಡಕ್ಕನೇ.

ಅವಳು ಪಕ್ಕಕ್ಕೆ ತಿರುಗಿದಳು. ಮಂತ್ರಿ ಕೊರಳ ಹಾರ ಸರಿಮಾಡಿಕೊಳ್ಳುತ್ತಿದ್ದ.

"ನೀನೇ ಹೇಳಿಕೊಟ್ಯಾ?"

"ಏನಕ್ಕಾ?"

"ಬೋಳಿಮಗನೆ," ಎಂದಳು. ಕೂಗಲಿಲ್ಲ, ಹಸಿ ಬಟ್ಟೆ ಕೊಡವಿದಷ್ಟು ಸಹಜವಾಗಿ ಅಂದಳು. "ನನ್ ಡಬ್ಬಿ ಅನ್ನ ತಿಂದ್ಕೊಂಡು."

ಲೋಟವನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಲಟಲಟ ಎಂದಿತು. ಮೇಸ್ತ್ರಿ ಅಡ್ಡ ಬಂದ. "ಎಲ್ಲಿಗೆ? ಈಗ ನಿನ್ ಹೆಸರು ಕರೀತಾರೆ!" ಅವಳು ಅವನನ್ನು ಬಳಸಿಕೊಂಡು ಹೋದಳು.

ಹೆಂಗಸರನ್ನು ಎಬ್ಬಿಸುವ ಗದ್ದಲ ಶುರುವಾಗಿತ್ತು. ದೊಡ್ಡಕ್ಕ ಕತ್ತರಿಸಿದ ತುದಿಯನ್ನು ಎತ್ತಿಕೊಂಡು, ತನ್ನ ಸೊಂಟಕ್ಕೆ ಒಂದು ಸುತ್ತು ಸುತ್ತಿ, ಗೇಟಿನ ನಟ್ಟನಡುವೆ ಕೂತಳು. ಎದ್ದವರು ಒಬ್ಬೊಬ್ಬರಾಗಿ ಮತ್ತೆ ಕೂತರು. ಪೊಲೀಸರ ಕೈ ಕೊಸರಿಕೊಂಡು ಮಗಳು ಓಡಿಬಂದಳು.

"ಕಟ್ಟೇ."

"ಎಲ್ಲಿ ಕಟ್ಲಿ? ಕಂಬದ ಹತ್ರ ನಿಂತಿದಾರಲ್ಲ ಅವ್ರು."

"ಕಂಬ ಬೇಡ. ಇಲ್ಲೇ, ನನ್ ಹೊಟ್ಟೆ ಮೇಲೆ ಕಟ್ಟು. ಎಲ್ರಿಗೂ ಕಾಣ್ಲಿ."

"ಕತ್ತರಿಸ್ತಾರಮ್ಮ."

"ಕತ್ತರಿಸ್ಲಿ. ಬಟ್ಟೆ ಅವರದೇ."

ಮಗಳು ತಾಯಿಯ ಮುಂದೆ ಮಂಡಿಯೂರಿ, ಹಲ್ಲು ಕಚ್ಚಿ ಎಳೆದು ಬಿಗಿದಳು. ಹಿಂಡಿದ ಬಟ್ಟೆಯಿಂದ ಇನ್ನೂ ಒಂದಿಷ್ಟು ನೀರು ಒಸರಿ ದೊಡ್ಡಕ್ಕನ ಮಡಿಲಿಗೆ ಇಳಿಯಿತು. ಅವಳಿಗೆ ಧೈರ್ಯವೇನೂ ಬಂದಿರಲಿಲ್ಲ. ನೆಲಕ್ಕೆ ಕೂತದ್ದರಿಂದ ಸೊಂಟಕ್ಕೆ ಒಂದಿಷ್ಟು ಹಾಯೆನಿಸಿತ್ತು, ಅಷ್ಟೇ.

ಮೈಕಿನಲ್ಲಿ ಯಾರೋ 'ಹೋರಾಟದ ತಾಯಿ'ಯನ್ನು ದೀಪ ಹಚ್ಚಲು ಕರೆಯುತ್ತಿದ್ದರು. ಇನ್‌ಸ್ಪೆಕ್ಟರು ಕತ್ತರಿ ಹಿಡಿದು ಬಂದು, ಒದ್ದೆ ನೆಲದಲ್ಲಿ ಅವಳೆದುರು ಮಂಡಿಯೂರಿದ. ಬಟ್ಟೆ ದಪ್ಪ, ಗಂಟು ಚಿಕ್ಕದು, ಅದರ ಕೆಳಗೇ ಮುದುಕಿಯ ಹೊಟ್ಟೆ ಉಸಿರಾಡುತ್ತ ಏರಿಳಿಯುತ್ತಿತ್ತು. ಕತ್ತರಿಯನ್ನು ಎಲ್ಲಿ ತೂರಿಸಬೇಕೋ ತೋಚದೆ ಅವನು ವೇದಿಕೆಯ ಕಡೆ ನೋಡಿದ.