ನಾನು ಏರು ಹತ್ತಿದ ದಿನ

ನಾನೊಂದು ಸಣ್ಣ ಕಾರು. ತಿಳಿನೀಲಿ ಬಣ್ಣ, ಐದು ಬಾಗಿಲು, ಹೆಸರಿಗೆ ಐದು ಜನರ ಸೀಟು. ದೂರದ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ತೋಳುಗಳು ನನ್ನನ್ನು ಬೆಸೆದು ನಿಲ್ಲಿಸಿದವು. ನನ್ನ ಜೊತೆ ಹುಟ್ಟಿದವೆಲ್ಲ ಲಾರಿ ಏರಿ ಹೋಗಿ ಯಾರ್ಯಾರದೋ ಮನೆಯಂಗಳ ಸೇರಿಕೊಂಡವು. ನನ್ನನ್ನು ಮಾತ್ರ ಮಂಗಳೂರಿನ ಶೋರೂಮಿನವರು ಇಳಿಸಿಕೊಂಡು, ಎರಡೂ ಬದಿಗೆ ದೊಡ್ಡ ಸ್ಟಿಕ್ಕರ್ ಅಂಟಿಸಿದರು: "ಟೆಸ್ಟ್ ಡ್ರೈವ್ ಕಾರು. ಬನ್ನಿ, ಓಡಿಸಿ ನೋಡಿ." ಆಗ ಅದು ನನಗೆ ದೊಡ್ಡ ಪದವಿಯಂತೆ ಕಂಡಿತ್ತು. ಬಂದವರೆಲ್ಲ ಮೊದಲು ನನ್ನನ್ನೇ ನೋಡುತ್ತಿದ್ದರು, ನನ್ನ ಬಾಗಿಲನ್ನೇ ತೆಗೆಯುತ್ತಿದ್ದರು. ಬೀಗುವುದಕ್ಕೆ ಇನ್ನೇನು ಬೇಕು? ಈಗ ಅದನ್ನೆಲ್ಲ ನೆನೆದರೆ ತಲೆ ತಗ್ಗಿಸುವ ಹಾಗಾಗುತ್ತದೆ.

ನನ್ನ ಉಸ್ತುವಾರಿ ಜಿತೇಶನದು. ಮೂವತ್ತು ತುಂಬದ ಸೇಲ್ಸ್‌ಮ್ಯಾನ್, ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ ಮಾತು. ಬೆಳಿಗ್ಗೆ ಬಂದವನೇ ಕೈಯಾರೆ ನನ್ನ ಗಾಜು ಒರೆಸುತ್ತಿದ್ದ. ಗಿರಾಕಿ ಬರುವ ಹತ್ತು ನಿಮಿಷ ಮೊದಲು ಎಂಜಿನ್ ಚಾಲೂ ಮಾಡಿ ಏಸಿ ಹಾಕಿಡುತ್ತಿದ್ದ. ಹೊರಗಿನ ಸೆಖೆಯಲ್ಲಿ ಬೆಂದು ಬಂದವರು ಒಳಗೆ ಕೂತ ತಕ್ಷಣ "ಆಹಾ" ಅನ್ನಬೇಕು, ಅದು ಅವನ ಲೆಕ್ಕಾಚಾರ. ಹಾಗೇ ಅನ್ನುತ್ತಿದ್ದರು ಕೂಡ. ಲೈಸೆನ್ಸಿನ ಪ್ರತಿ ತೆಗೆದು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಅರ್ಧ ದಾರಿ ತಾನು ಓಡಿಸಿ ಇನ್ನರ್ಧ ಅವರ ಕೈಗೆ ಕೊಡುತ್ತಿದ್ದ. ಯಾರೇ ಓಡಿಸಲಿ, ಎರಡನೇ ಗೇರ್ ಬೀಳುವಷ್ಟರಲ್ಲಿ "ನಿಮ್ಮ ಕೈ ಎಷ್ಟು ಸ್ಮೂತ್ ಉಂಟು ಮಾರಾಯ್ರೆ" ಅನ್ನುತ್ತಿದ್ದ. ದಿನಕ್ಕೆ ಆರೇಳು ಸಲ ಅದೇ ಮಾತು. ಕೇಳಿದವರ ಮುಖ ಮಾತ್ರ ಪ್ರತಿ ಸಲವೂ ಹೊಸದಾಗಿ ಅರಳುತ್ತಿತ್ತು.

ದಾರಿಯೂ ಒಂದೇ. ಗೇಟು ದಾಟಿ ಎಡಕ್ಕೆ, ಹೆದ್ದಾರಿಯಲ್ಲಿ ಸ್ವಲ್ಪ ದೂರ, ಪೆಟ್ರೋಲ್ ಬಂಕಿನ ಹತ್ತಿರ ತಿರುಗಿ ಹೊಳೆಬದಿಯ ಹೊಸ ಕಾಂಕ್ರೀಟ್ ರಸ್ತೆ, ಅಲ್ಲಿಂದ ವಾಪಸ್. ಏರಿಳಿತವೇ ಬದುಕಾಗಿರುವ ಮಂಗಳೂರಿನಲ್ಲಿ ನಾಲ್ಕು ಕಿಲೋಮೀಟರ್ ಸಪಾಟು ರಸ್ತೆ ಸಿಗುವುದೆಂದರೆ ಹುಡುಗಾಟವಲ್ಲ. ಮ್ಯಾನೇಜರ್ ಒಂದು ಭಾನುವಾರ ಪೂರ್ತಿ ಸುತ್ತಿ ಅದನ್ನು ಹುಡುಕಿದ್ದರು. ಯಾಕೆಂದರೆ ನಾನು ಬಂದ ಮೊದಲ ವಾರವೇ ಶೋರೂಮಿನ ಐದು ಜನ ಕೂತು, ಏಸಿ ಹಾಕಿಕೊಂಡು, ಗೇಟಿನ ಬಲಕ್ಕಿರುವ ಗುಡ್ಡೆಯ ರಸ್ತೆಗೆ ನನ್ನನ್ನು ಏರಿಸಿದ್ದರು. ನನ್ನ ಸಣ್ಣ ಎಂಜಿನ್ನಿನ ಬಲದಲ್ಲಿ ಒಂದು ಪಾಲನ್ನು ಏಸಿಯೇ ತಿನ್ನುತ್ತದೆ. ಅರ್ಧದಲ್ಲಿ ನನ್ನ ಉಸಿರು ಕಟ್ಟಿತು. ನಿಂತುಬಿಟ್ಟೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮ್ಯಾನೇಜರ್ ಮಾತ್ರ ನಗಲಿಲ್ಲ. "ಗಿರಾಕಿಗಳನ್ನು ಈ ಬದಿಗೆ ತರ್ಲಿಕ್ಕೇ ಇಲ್ಲ. ಯಾರಾದ್ರೂ ಕೇಳಿದ್ರೆ ಇನ್ಶೂರೆನ್ಸ್ ಆ ರೂಟಿಗೆ ಮಾತ್ರ ಅಂತ ಹೇಳಿ" ಅಂದರು. ಎಡಗಡೆಯ ದಾರಿಯಲ್ಲೂ ಒಂದು ಸಣ್ಣ ಮೇಲ್ಸೇತುವೆ ಇತ್ತು. ಅದು ಹತ್ತಿರ ಬಂದಾಗ ಜಿತೇಶನ ಬೆರಳು ಮಾತಿನ ನಡುವೆಯೇ ಏಸಿಯ ಗುಂಡಿ ಒತ್ತಿ ಆರಿಸಿಬಿಡುತ್ತಿತ್ತು. ಫ್ಯಾನ್ ತಿರುಗುತ್ತಲೇ ಇರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಳಿಜಾರು ಶುರುವಾದ ಕೂಡಲೇ ಮತ್ತೆ ಒತ್ತುತ್ತಿದ್ದ. ನನಗೂ ಅದು ಹಿತವಾಗಿತ್ತು. ನನ್ನ ಬಡತನ ಮುಚ್ಚಿಡುವ ಕೈ ಅದು ಎಂದು ಅವನ ಮೇಲೆ ಪ್ರೀತಿಯೇ ಬೆಳೆದಿತ್ತು.

ಒಂದು ವರ್ಷ ಹೀಗೆ ಕಳೆಯಿತು. ಆಮೇಲೆ ವಾರಿಜಕ್ಕ ಬಂದರು.

ವಯಸ್ಸು ಐವತ್ತೆರಡು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಜೊತೆಯಲ್ಲಿ ಗಂಡ ಸಂಜೀವಣ್ಣ, ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಇವರ ಮನೆ ಗುಡ್ಡೆಯ ಮೇಲೆ. ಆಟೋದವರು ಆ ಏರಿಗೆ ಬರಲು ಗೊಣಗುತ್ತಾರೆ, ಬಂದರೂ ಕುಲುಕಾಟಕ್ಕೆ ಗಂಡ ಹಣ್ಣಾಗಿಬಿಡುತ್ತಾರೆ. ಅದಕ್ಕಾಗಿ ಈ ಹೆಂಗಸು ಐವತ್ತು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಎರಡನೇ ಪ್ರಯತ್ನಕ್ಕೆ ಲೈಸೆನ್ಸ್ ಪಡೆದಿದ್ದರು.

"ಡಯಾಲಿಸಿಸ್ ಆದ ಮೇಲೆ ಇವರಿಗೆ ಸೆಖೆ ತಡೀಲಿಕ್ಕೆ ಆಗುದಿಲ್ಲ. ಏಸಿ ಬೇಕೇ ಬೇಕು" ಎಂದರು ಜಿತೇಶನಿಗೆ. "ಮತ್ತೆ ನಮ್ಮದು ಸ್ವಲ್ಪ ಚಡಾವು ಉಂಟು. ಒಮ್ಮೆ ಅಲ್ಲಿಯೇ ಏರಿಸಿ ನೋಡುವನಾ?"

ಜಿತೇಶ ಕಣ್ಣು ಮಿಟುಕಿಸಲಿಲ್ಲ. "ಇನ್ಶೂರೆನ್ಸ್ ಈ ರೂಟಿಗೆ ಮಾತ್ರ ಮೇಡಂ. ಚಡಾವಿನ ಚಿಂತೆ ಬಿಡಿ. ನೀವೇ ನೋಡಿ, ಓ ಅಲ್ಲಿ ಫ್ಲೈಓವರ್ ಉಂಟಲ್ಲ, ಅದೂ ಏರೇ ಅಲ್ವಾ?"

ವಾರಿಜಕ್ಕ ಸ್ಟೀರಿಂಗ್ ಹಿಡಿದರು. ಅಂಗೈ ಬೆವೆತಿತ್ತು. ಹೊಸಬರಲ್ಲಿ ಅಷ್ಟು ಎಚ್ಚರದಿಂದ ಕ್ಲಚ್ ಬಿಟ್ಟವರನ್ನು ನಾನು ಕಂಡಿರಲಿಲ್ಲ. ಬೇರೆಯವರಿಗೆ ಹೇಳುವ ಅದೇ ಮಾತನ್ನು ಜಿತೇಶ ಇವರಿಗೂ ಹೇಳಿದ. ಆದರೆ ಆ ಒಂದು ಸಲ ಅದು ನಿಜವಾಗಿತ್ತು. ಮೇಲ್ಸೇತುವೆ ಬಂತು, ಬೆರಳು ಗುಂಡಿಗೆ ಹೋಯಿತು, ನಾನು ಹೂವಿನ ಹಾಗೆ ಏರಿದೆ. ಹಿಂದಿನ ಸೀಟಿನಿಂದ ಸಂಜೀವಣ್ಣ, ಬಸ್ಸು ಹೊರಡಿಸುವ ಹಳೇ ಅಭ್ಯಾಸದಲ್ಲಿ, "ರೈಟ್ ಪೋಯಿ!" ಎಂದು ಕೂಗಿದರು. ವಾರಿಜಕ್ಕ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕವರ ನಗು ಅದು.

ಪ್ರದರ್ಶನದ ಕಾರುಗಳನ್ನು ಶೋರೂಮಿನವರು ವರ್ಷಕ್ಕೊಮ್ಮೆ ಮಾರಿಬಿಡುತ್ತಾರೆ. ಆ ವಿಷಯ ತಿಳಿದ ವಾರಿಜಕ್ಕ ಹೊಸ ಕಾರು ಬೇಡವೆಂದರು. "ಇದನ್ನೇ ಕೊಡಿ. ಇದು ನನ್ನ ಕೈಗೆ ಗೊತ್ತುಂಟು." ಸ್ಟಿಕ್ಕರ್ ಕಿತ್ತರು. ಮೂತಿಗೆ ಚೆಂಡುಹೂವಿನ ಹಾರ ಹಾಕಿದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಜಿತೇಶ ದೊಡ್ಡದೊಂದು ರಟ್ಟಿನ ಕೀಲಿ ಕೊಟ್ಟು ಫೋಟೊ ತೆಗೆಸಿದ. ಕೊನೆಗೂ ನನಗೊಂದು ಮನೆ ಸಿಕ್ಕಿತು. ಆದರೆ ಆ ಮನೆ ಇದ್ದದ್ದು ಗುಡ್ಡೆಯ ಮೇಲೆ.

ಮೊದಲ ಸೋಮವಾರ ಆಸ್ಪತ್ರೆಯಿಂದ ಹೊರಟೆವು. ಮುಂದೆ ಸಂಜೀವಣ್ಣ, ಹಿಂದೆ ಅವರ ಅಕ್ಕ ಕಮಲಕ್ಕ, ಡಿಕ್ಕಿಯಲ್ಲಿ ಗಾಲಿಕುರ್ಚಿ. ಡಯಾಲಿಸಿಸ್ ಮುಗಿದ ಮನುಷ್ಯನನ್ನು ಹಿಡಿದುಕೊಳ್ಳಲು ಕಮಲಕ್ಕ ಬೇಕು. ಅವರೋ ತೂಕದ ಆಸಾಮಿ. ಏಸಿ ಪೂರ್ತಿ ಇತ್ತು. ಗುಡ್ಡೆಯ ರಸ್ತೆಯಲ್ಲಿ ಒಂದು ಕಡಿದಾದ ತಿರುವಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ನನ್ನಲ್ಲಿ ಇದ್ದಬದ್ದ ಶಕ್ತಿಯೆಲ್ಲ ಮುಗಿದಿತ್ತು. ಗಡಗಡ ನಡುಗಿ ಎಂಜಿನ್ ಬಂದಾಯಿತು. ವಾರಿಜಕ್ಕ ಮತ್ತೆ ಚಾಲೂ ಮಾಡಿದರು, ಮತ್ತೆ ಬಂದಾಯಿತು. ಹಿಂದಿನ ಬೈಕಿನವನು ಹಾರ್ನ್ ಹೊಡೆದ. ಕೊನೆಗೆ ಸಂಜೀವಣ್ಣ, ಕಮಲಕ್ಕ ಇಬ್ಬರೂ ಇಳಿದರು. ಭಾರ ಕಡಿಮೆಯಾದ ಮೇಲೆ ನಾನು ತೆವಳಿದೆ. ತೋಳಿನಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದ ಆ ಮನುಷ್ಯ, ಅಕ್ಕನ ಹೆಗಲಿಗೆ ಕೈಹಾಕಿ, ನನ್ನ ಹಿಂದೆ ಆ ಬಿಸಿಲಿನಲ್ಲಿ ನಡೆದು ಬಂದರು. ಯಾರನ್ನು ಹೊತ್ತು ತರಲೆಂದು ನನ್ನನ್ನು ಕೊಂಡಿದ್ದರೋ ಅವರೇ ನಡೆದು ಬರುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂಗಳ ತಲುಪಿದ ವಾರಿಜಕ್ಕ ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಸ್ಟೀರಿಂಗ್ ಮೇಲೆ ಹಣೆ ಇಟ್ಟು ಕೂತರು. ಸಂಜೀವಣ್ಣ ಏದುಸಿರು ಬಿಡುತ್ತ ಬಂದು ಕಿಟಕಿಯಲ್ಲಿ ಇಣುಕಿದರು. "ಹೊಸ ಡ್ರೈವರ್ ಆದ್ರೆ ಹೀಗೇ. ನಾನು ಎಷ್ಟು ಜನರನ್ನು ನೋಡ್ಲಿಲ್ಲ! ಸರಿ ಆಗ್ತದೆ ಬಿಡು." ಸಮಾಧಾನಕ್ಕೆಂದು ಆಡಿದ ಮಾತು. ಅದೇ ವಾರಿಜಕ್ಕನ ಮನಸ್ಸಿನಲ್ಲಿ ಬೇರೂರಿತು. ಅಂದು ಶೋರೂಮಿನ ದಾರಿಯಲ್ಲಿ ಅಷ್ಟು ಚೆನ್ನಾಗಿ ಓಡಿದ ಕಾರು ಇಲ್ಲಿ ನಿಲ್ಲುತ್ತದೆ ಎಂದರೆ ತಪ್ಪು ತನ್ನದೇ ಎಂದು ಅವರು ತೀರ್ಮಾನಿಸಿಬಿಟ್ಟರು. ಬುಧವಾರವೂ ಹಾಗೇ ಆಯಿತು. ಶುಕ್ರವಾರವೂ ಹಾಗೇ. ರಜೆಯ ದಿನ ಒಬ್ಬರೇ ಕೆಳಗಿಳಿದು, ಖಾಲಿ ಮೈದಾನದಲ್ಲಿ ಕ್ಲಚ್ ಒತ್ತುವುದು ಬಿಡುವುದು ಮಾಡುತ್ತ ಗಂಟೆಗಟ್ಟಲೆ ಅಭ್ಯಾಸ ಮಾಡಿದರು.

ಮೂರನೇ ವಾರ ಅವರು ಶೋರೂಮಿಗೆ ಹೋದರು. ಜಗಳಕ್ಕೆ ಬಂದರೆಂದು ಜಿತೇಶನ ಮುಖ ಬಿಳಿಚಿಕೊಂಡಿತು. ವಾರಿಜಕ್ಕ ಮೆಲ್ಲಗೆ ಕೇಳಿದ್ದು ಇಷ್ಟೇ: "ನಿಮ್ಮ ಹತ್ರ ಓಡಿಸುವಾಗ ಚೆಂದ ಹೋಗ್ತಿತ್ತು ಮಗಾ. ಈಗ ನಾನು ಎಂಥ ತಪ್ಪು ಮಾಡ್ತಿದ್ದೇನೆ ಅಂತ ಒಮ್ಮೆ ಬಂದು ತೋರಿಸಿ ಕೊಡ್ತೀರಾ? ನಂಗೆ ಸರಿಯಾಗದಿದ್ರೆ ಇವರು ಪುನಃ ಆಟೋದವರ ಕಾಲು ಹಿಡೀಬೇಕು."

ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಕೊಂಡಿದ್ದವನು ಈ ಮಾತಿಗೆ ತತ್ತರಿಸಿದ. ಅವನ ಕಣ್ಣು ಮ್ಯಾನೇಜರ್ ಕೂತಿದ್ದ ಗಾಜಿನ ಕೋಣೆಯ ಕಡೆ ಹೋಯಿತು. "ನಾಳೆ ಬರ್ತೇನೆ ಅಕ್ಕಾ" ಅಂದ.

ಬಂದ. ಆಸ್ಪತ್ರೆಯಿಂದ ಎಲ್ಲರನ್ನೂ ಕೂರಿಸಿಕೊಂಡು ವಾರಿಜಕ್ಕ ಏರಿನ ಬುಡದವರೆಗೆ ಓಡಿಸಿದರು. ಅಲ್ಲಿ ಇಳಿದು ಸ್ಟೀರಿಂಗ್ ಅವನಿಗೆ ಬಿಟ್ಟು, ತಾವು ಹಿಂದೆ ಕೂತು ಎರಡು ಸೀಟುಗಳ ನಡುವೆ ಕತ್ತು ಚಾಚಿದರು. ಪರೀಕ್ಷೆಗೆ ಓದುವವರ ಹಾಗೆ ಅವನ ಕೈಕಾಲುಗಳನ್ನೇ ನೋಡುತ್ತಿದ್ದರು. ಆದರೆ ಅವರು ಗೇರು, ಕ್ಲಚ್ಚು ನೋಡುತ್ತಿದ್ದಾಗ ಅವನ ಎಡಗೈ ಬೆರಳು ಸುಮ್ಮನೆ ಏಸಿಯ ಗುಂಡಿ ಒತ್ತಿತು. ಒಂದು ವರ್ಷದ ಅಭ್ಯಾಸ. ಬೇಕೆಂದೇ ಒತ್ತಿದನೋ, ಬೆರಳು ತಾನಾಗಿ ಹೋಯಿತೋ, ನಾನು ಹೇಳಲಾರೆ. ಮೊದಲನೇ ಗೇರಿನಲ್ಲೇ ಅವನು ನನ್ನನ್ನು ಅರಚಿಸಿಕೊಂಡು ಹೊರಟ.

ಇನ್ನು ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ಏಸಿ ಆರಿಸಿದರೂ ಒಳಗೆ ನಾಲ್ಕು ಜನರಿದ್ದರು. ತಿರುವಿಗೆ ಬಂದಾಗ ನನಗೆ ಸಾಕಾಗಿತ್ತು. ಒಂದು ಕ್ಷಣ ಸಡಿಲಬಿಟ್ಟಿದ್ದರೆ ಸಾಕು, ಎಂಜಿನ್ ನಿಲ್ಲುತ್ತಿತ್ತು. ಆ ಪಳಗಿದ ಕೈಯಲ್ಲೇ ನಿಲ್ಲುತ್ತಿತ್ತು. ಆಗ ವಾರಿಜಕ್ಕನಿಗೆ ಎಲ್ಲ ತಿಳಿಯುತ್ತಿತ್ತು. ಅದು ನನಗೆ ಆ ಗಳಿಗೆಯಲ್ಲೂ ಗೊತ್ತಿತ್ತು. ಆದರೆ ಆ ಸ್ಟೀರಿಂಗ್ ಹಿಡಿದಿದ್ದದ್ದು ಜಿತೇಶನ ಕೈ. ನೂರಾರು ಜನರೆದುರು ನನ್ನನ್ನು ಮೆರೆಸಿದ ಕೈ. ಅವನೆದುರು ಸೋಲಲು ನನಗೆ ಮನಸ್ಸಾಗಲಿಲ್ಲ. ದಿನಾ ನಿಂತು ನಿಂತು ಮಾನ ಕಳೆದುಕೊಂಡಿದ್ದೆ, ಒಮ್ಮೆಯಾದರೂ ಸೈ ಅನ್ನಿಸಿಕೊಳ್ಳಬೇಕು ಎಂಬ ಚಪಲ ಬೇರೆ. ಮೈಯ ನಟ್ಟು ಬೋಲ್ಟೆಲ್ಲ ಬಿಗಿಹಿಡಿದು ಎಳೆದೆ. ಹತ್ತಿಬಿಟ್ಟೆ.

ಅಂಗಳದಲ್ಲಿ ಸಂಜೀವಣ್ಣ ಬೆವರಿನಲ್ಲಿ ತೊಯ್ದು ಹೋಗಿದ್ದರೂ ಚಪ್ಪಾಳೆ ತಟ್ಟಿದರು. "ಡ್ರೈವರ್ ಅಂದ್ರೆ ಹೀಗಿರ್ಬೇಕು!"

ಜಿತೇಶ ತಿರುಗಿ ವಾರಿಜಕ್ಕನ ಮುಖ ನೋಡಿದ. ಬಾಯಿ ತೆರೆದ. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಅಷ್ಟರಲ್ಲಿ ಅವರೇ, "ನೋಡಿ, ನಿಮ್ಮ ಕೈಯಲ್ಲಿ ಹೇಗೆ ಬಂತು! ಹಾಗಾದ್ರೆ ತಪ್ಪು ನನ್ನದೇ" ಅಂದರು.

"ಪ್ರಾಕ್ಟೀಸ್ ಬೇಕು ಅಕ್ಕಾ. ಅಷ್ಟೇ" ಅಂದ ಜಿತೇಶ. ಕಮಲಕ್ಕ ಚಹಾ ತರುತ್ತೇನೆಂದರೂ ನಿಲ್ಲಲಿಲ್ಲ. ಕೀಲಿಯನ್ನು ಜಗಲಿಯ ಮೇಲಿಟ್ಟು, ಆ ಏರನ್ನು ನಡೆದೇ ಇಳಿದು ಹೋದ.

ವಾರಿಜಕ್ಕ ಇನ್ನೂ ಎರಡು ಸಲ ಪ್ರಯತ್ನಿಸಿದರು. ಏಸಿ ಹಾಕಿಕೊಂಡೇ, ಪಾಪ, ಗಂಡನಿಗೆ ಸೆಖೆಯಾಗಬಾರದೆಂದು. ಎರಡನೇ ಸಲ ತಿರುವಿನಲ್ಲಿ ನಾನು ಹಿಂದಕ್ಕೆ ಜಾರಿ ರಸ್ತೆಬದಿಯ ಪಾಗಾರದ ಗೋಡೆಗೆ ಗುದ್ದಿದೆ. ಯಾರಿಗೂ ಪೆಟ್ಟಾಗಲಿಲ್ಲ, ಕಮಲಕ್ಕ ಕಿರುಚಿಕೊಂಡರು. ಅಂದು ಪಕ್ಕದ ಮನೆಯವರು ಬಂದು ನನ್ನನ್ನು ಮೇಲಕ್ಕೆ ತಂದು ನಿಲ್ಲಿಸಿದರು. ಆಮೇಲೆ ವಾರಿಜಕ್ಕ ಸ್ಟೀರಿಂಗ್ ಮುಟ್ಟಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಫೋನು ಹಿಡಿದು ಆಟೋದವರಿಗೆ "ಸ್ವಲ್ಪ ಬನ್ನಿ ಅಣ್ಣಾ" ಎಂದು ಅಂಗಲಾಚುವುದು ನನಗೆ ಅಂಗಳದಲ್ಲಿ ನಿಂತಲ್ಲಿಗೇ ಕೇಳುತ್ತಿತ್ತು. ಆದರೂ ಭಾನುವಾರ ನೀರು ಹಾಕಿ ನನ್ನ ಮೈ ತೊಳೆಯುವುದನ್ನು ಅವರು ನಿಲ್ಲಿಸಲಿಲ್ಲ. ಆ ನೀರು ಮೈಮೇಲೆ ಬಿದ್ದಾಗಲೆಲ್ಲ ನಾನು ಕುಗ್ಗಿಹೋಗುತ್ತಿದ್ದೆ.

ಮರುವರ್ಷ ಕುಂದಾಪುರದ ಕಡೆಯ ಮೀನಿನ ವ್ಯಾಪಾರಿಯೊಬ್ಬ ನನ್ನನ್ನು ನೋಡಲು ಬಂದ. ಒಬ್ಬನೇ ಕೂತು, ಕಿಟಕಿ ತೆರೆದುಕೊಂಡು, ಏರಿನಲ್ಲಿ ಮೇಲೆ ಕೆಳಗೆ ಓಡಿಸಿದ. ಒಂಟಿ ಮನುಷ್ಯನಿಗೆ ನಾನೇನೂ ಕಡಿಮೆಯಲ್ಲ, ಸರಾಗ ಹತ್ತಿದೆ. ಅವನಿಗೆ ಅನುಮಾನ ಬಂತು. "ಗಾಡಿ ಒಳ್ಳೇದೇ ಉಂಟಲ್ಲ, ಮತ್ತೆ ಯಾಕೆ ಮಾರ್ತೀರಿ? ಒಳಗೆ ಎಂಥಾದ್ರೂ ಕಂಪ್ಲೇಂಟ್ ಉಂಟಾ?"

"ಗಾಡಿಗೆ ಎಂಥ ದೋಷವೂ ಇಲ್ಲ" ಎಂದರು ವಾರಿಜಕ್ಕ. "ದೋಷ ನನ್ನ ಕೈದು. ಸುಳ್ಳು ಹೇಳಿ ಮಾರ್ಲಿಕ್ಕೆ ನಂಗೆ ಬರುದಿಲ್ಲ."

ಆಮೇಲಿನ ಹನ್ನೊಂದು ವರ್ಷ ನನ್ನ ಬದುಕು ಕಡಲತೀರದಲ್ಲಿ ಕಳೆಯಿತು. ಅಂಗೈಯಷ್ಟು ಸಪಾಟಾದ ಊರು. ಅಲ್ಲಿ ನಾನು ಒಂದು ದಿನವೂ ನಿಲ್ಲಲಿಲ್ಲ. ವ್ಯಾಪಾರಿ ಕಂಡಕಂಡವರ ಹತ್ತಿರ ನನ್ನನ್ನು ಹೊಗಳಿದ. ಉಪ್ಪುಗಾಳಿ ನನ್ನ ತಳವನ್ನು ತಿಂದಿತು, ನೀಲಿ ಬಣ್ಣ ಬೂದಿಯಾಯಿತು. ಈಗ ಐಸ್ ಫ್ಯಾಕ್ಟರಿಯ ಹಿಂದೆ ಗಾಲಿಯಿಲ್ಲದೆ ಕೂತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆಗೆ ಕೂತಿದೆ.

ಏರಿನಲ್ಲಿ ನಿಂತ ದಿನಗಳ ನಾಚಿಕೆ ಯಾವಾಗಲೋ ಕಳೆದುಹೋಯಿತು. ಸಣ್ಣ ಎಂಜಿನ್ ಕೊಟ್ಟವರು ನಾನಲ್ಲವಲ್ಲ. ಹತ್ತಿದ ಆ ಒಂದು ದಿನದ ನಾಚಿಕೆ ಮಾತ್ರ ತುಕ್ಕಿಗಿಂತ ಆಳಕ್ಕೆ ಇಳಿದಿದೆ. ಜಿತೇಶ ಬಾಯಿ ತೆರೆದು ಮುಚ್ಚಿದ, ನಿಜ. ನನಗೋ ಬಾಯಿಯೇ ಇರಲಿಲ್ಲ, ಇದ್ದದ್ದು ನಿಂತುಬಿಡುವ ಒಂದು ದಾರಿ. ಅದನ್ನೂ ನಾನು ಹೊಗಳಿಕೆಯ ಆಸೆಗೆ ಕೈಬಿಟ್ಟೆ. ಅಷ್ಟು ಮೆತ್ತಗೆ ಕ್ಲಚ್ ಬಿಡುತ್ತಿದ್ದ ಆ ಪಾದವನ್ನು ಆಮೇಲೆ ಇನ್ಯಾರಲ್ಲೂ ನಾನು ಕಾಣಲಿಲ್ಲ. ವಾರಿಜಕ್ಕ ಎಲ್ಲೇ ಇರಲಿ, ಯಾರಾದರೂ ಕೇಳಿದರೆ ಇವತ್ತಿಗೂ "ನಂಗೆ ಡ್ರೈವಿಂಗ್ ಬರುದಿಲ್ಲ" ಅಂತಲೇ ಹೇಳುತ್ತಿರುತ್ತಾರೆ.