ಮೂರನೇ ಪಾತ್ರದ ಬೆನ್ನು

"ಸ್ವಲ್ಪ ಎತ್ತಿ ಹಿಡ್ಕೊಳ್ಳಿ," ಎಂದು ಶವಾಗಾರದ ನೌಕರನಿಗೆ ಹೇಳಿ, ಮಗಳು ತಂದೆಯ ಕೋಟಿನ ಬೆನ್ನಿನಲ್ಲಿ ಹೆಚ್ಚಾಗಿದ್ದ ಬಟ್ಟೆಯನ್ನು ಮಡಚಿ ಮೂರನೆಯ ಪಿನ್ನು ಚುಚ್ಚಿದಳು. ಎಂಟು ತಿಂಗಳ ಕಾಯಿಲೆಯಲ್ಲಿ ಅವರು ಅರ್ಧಕ್ಕರ್ಧ ಇಳಿದುಹೋಗಿದ್ದರು. ತಾವೇ ಹೊಲಿದುಕೊಂಡಿದ್ದ ಬೂದು ಕೋಟು ಈಗ ಯಾರಿಂದಲೋ ಇಸಕೊಂಡು ತಂದಂತೆ ಕಾಣುತ್ತಿತ್ತು.

"ಮುಂದೆ ಚೆನ್ನಾಗಿ ಕೂತಿದೆ ಬಿಡಿ ಮೇಡಂ. ಹಿಂದೆ ಯಾರು ನೋಡ್ತಾರೆ?" ಎಂದ ನೌಕರ.

ಮಗಳು ನಾಲ್ಕನೆಯ ಪಿನ್ನು ಕೈಗೆತ್ತಿಕೊಂಡಳು. "ಅವರು ದರ್ಜಿ. ಹಿಂದೆಯೂ ಸರಿ ಇರಬೇಕು," ಎಂದಳು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಾಯಿ, ಮಗಳು ಬಂದು ಪಕ್ಕದಲ್ಲಿ ಕೂತದ್ದೇ ದನಿ ತಗ್ಗಿಸಿದಳು.

"ನಿನ್ನೆ ನಾನು ಒಂದೇ ಸಮ ನಿದ್ದೆ ಮಾಡಿದೆ ಕಣೇ. ಎಂಟು ತಿಂಗಳಾದ ಮೇಲೆ. ನಾಚಿಕೆ ಆಗಬೇಕೇನೋ, ಆಗ್ತಾ ಇಲ್ಲ."

"ಯಾಕಮ್ಮಾ ನಾಚಿಕೆ. ಅವರಿಗೂ ಸಾಕಾಗಿತ್ತು."

"ಹೌದು. ಹೂವೆತ್ತಿದ ಹಾಗೆ ಹೋದ್ರು," ಎಂದು ತಾಯಿ ಕಾಲು ನೀಡಿದಳು. ಅವಳ ಮುಖದ ಗಂಟೆಲ್ಲ ಸಡಿಲವಾಗಿತ್ತು. ಮಗಳಿಗೂ ಒಂದು ಹೊರೆ ಇಳಿದಿತ್ತು, ಸುಳ್ಳೇಕೆ. ಇಳಿಯದೆ ಉಳಿದದ್ದು ಇನ್ನೊಂದು. ಅದಕ್ಕೆ ಮೂವತ್ತಾರು ವರ್ಷ ವಯಸ್ಸಾಗಿತ್ತು.

*

ಆಗ ಅವಳ ತಂದೆ ಸ್ಟುಡಿಯೋ ಒಂದರ ಹೊಲಿಗೆ ಕೋಣೆಯಲ್ಲಿ ದರ್ಜಿ. ಅಲ್ಲಿ ಒಂದು ತಮಿಳು ಸಿನಿಮಾ ತಯಾರಾಗುತ್ತಿತ್ತು. ಸಂಸಾರವೊಂದು ಒಡೆದು ಮತ್ತೆ ಕೂಡುವ ಕತೆ. ವಕೀಲನಾದ ದೊಡ್ಡ ಮಗ, ಮುನಿಸಿಕೊಂಡು ಮನೆ ಬಿಟ್ಟ ಚಿಕ್ಕ ಮಗ, ಅವರ ತಂದೆ, ಮೂವರೂ ಒಬ್ಬನೇ ನಾಯಕನಟ. ಒಂದೇ ಮೈಗೆ ಮೂರು ಜನರ ಬಟ್ಟೆ ಹೊಲಿಯಬೇಕು. ವಕೀಲನ ಕೋಟು ಕತ್ತಿಯ ಅಲಗಿನ ಹಾಗೆ ನೆಟ್ಟಗೆ, ಚಿಕ್ಕವನ ಅಂಗಿ ಮೈಗೆ ಬಿಗಿ, ತಂದೆಯದು ವಯಸ್ಸಾದವರ ಮೈಗೆ ಹೊಂದಿಕೊಂಡು ಮೆತ್ತಗಾದಂಥದ್ದು. ನಟನ ಅಳತೆಯೂ ದರ್ಜಿಯ ಅಳತೆಯೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರಿಂದ, ಹೊಲಿದದ್ದನ್ನೆಲ್ಲ ಅವರು ತಾವೇ ತೊಟ್ಟು ನೋಡುತ್ತಿದ್ದರು. ಒಂದು ದಿನ ತಂದೆ ಪಾತ್ರದ ಕೋಟು ತೊಟ್ಟು ಕಾರಿಡಾರಿನಲ್ಲಿ ಹೋಗುತ್ತಿದ್ದಾಗ ನಿರ್ದೇಶಕರು ಹಿಂದಿನಿಂದ ನೋಡಿ, ನಟನೆಂದೇ ತಿಳಿದು, "ಸಾರ್, ಊಟ ಆಯ್ತಾ?" ಎಂದು ವಿನಯದಿಂದ ವಿಚಾರಿಸಿದರಂತೆ.

ಒಬ್ಬನೇ ನಟ ಇಬ್ಬರಾಗಿ ಎದುರುಬದುರು ಕೂತು ಮಾತಾಡುವುದು ಕ್ಯಾಮೆರಾದ ಕೈಚಳಕ. ಆದರೆ ಒಬ್ಬರನ್ನೊಬ್ಬರು ಮುಟ್ಟಬೇಕೆಂದರೆ ಇನ್ನೊಂದು ಮೈ ಬೇಕೇ ಬೇಕು. ಕೊನೆಗೆ ತಂದೆ ಹೋಗಿ ಚಿಕ್ಕ ಮಗನನ್ನು ಮನೆಗೆ ಕರೆತರುವ ದೃಶ್ಯದಲ್ಲಿ ಕಾಣುವ ತಂದೆಯ ಬೆನ್ನು ದರ್ಜಿಯದು.

ಮಗಳಿಗೆ ಆಗ ಹನ್ನೊಂದು. ತರಗತಿಯ ಹುಡುಗಿಯರ ಜೊತೆ ಮ್ಯಾಟಿನಿಗೆ ಹೋಗಿ, ಆ ದೃಶ್ಯ ಬಂದಾಗ ಸೀಟಿನಿಂದ ಎದ್ದು ನಿಂತು, "ಅದು ನಮ್ಮಪ್ಪ," ಎಂದಿದ್ದಳು.

"ಹೀರೋ ಕಣೇ ಅದು."

"ಮುಖ ತೋರಿಸಿದಾಗ ಹೀರೋ. ಈಗ ನಮ್ಮಪ್ಪ."

"ಬೆನ್ನು ನೋಡಿ ಅಪ್ಪ ಅನ್ನೋದಾದ್ರೆ, ಬಸ್ಸಲ್ಲಿ ನಂಗೆ ದಿನಾ ಹತ್ತು ಅಪ್ಪಂದಿರು ಸಿಗ್ತಾರೆ," ಎಂದಳು ಒಬ್ಬಳು. ಇಡೀ ಸಾಲು ನಕ್ಕಿತು. ಶಾಲೆ ಮುಗಿಯುವ ತನಕ ಅವಳಿಗೆ 'ಬೆನ್ನಿನ ಮಗಳು' ಎಂಬ ಹೆಸರೇ ಅಂಟಿಕೊಂಡಿತು.

ಆ ಸಂಜೆ ಅವಳು ಮನೆಗೆ ಬಂದಾಗ ತಂದೆ ಬಾಯಿತುಂಬ ಪಿನ್ನು ಕಚ್ಚಿಕೊಂಡು ಯಾರದೋ ಲಂಗದ ಅಂಚು ಮಡಚುತ್ತಿದ್ದರು. ಹೇಗಿತ್ತು ಸಿನಿಮಾ ಎಂದು ಹುಬ್ಬಿನಲ್ಲೇ ಕೇಳಿದರು.

"ಇನ್ಮೇಲೆ ಆ ಸಿನಿಮಾ ಮಾತು ಈ ಮನೇಲಿ ಎತ್ತಬೇಡ. ನಂಗೆ ಅವಮಾನ ಆಗುತ್ತೆ."

ಅವರು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿಟ್ಟರು. ಕೊನೆಯದನ್ನು ಚುಚ್ಚಿದ ಮೇಲೆ, "ಆಯ್ತು," ಎಂದರು.

ಅಷ್ಟೇ. ಮತ್ತೆಂದೂ ಎತ್ತಲಿಲ್ಲ. ಟಿವಿಯಲ್ಲಿ ಆ ಸಿನಿಮಾ ಬಂದರೆ ತಾವೇ ಎದ್ದು ಚಾನೆಲ್ ಬದಲಿಸುತ್ತಿದ್ದರು. ದೊಡ್ಡವಳಾದ ಮೇಲೆ ಅವಳಿಗೆ ತಾನು ಆಡಿದ ಮಾತಿನ ತೂಕ ತಿಳಿಯಿತು. ಆದರೆ ಹೊಲಿದ ಬಾಯಿಯನ್ನು ಬಿಚ್ಚುವುದು ಹೇಗೆಂದು ತಿಳಿಯಲಿಲ್ಲ. ತಂದೆ ಹಾಸಿಗೆ ಹಿಡಿದ ಮೇಲೆ ಒಮ್ಮೆ ಧೈರ್ಯ ಮಾಡಿ, "ಅಪ್ಪಾ, ಆ ಸಿನಿಮಾ..." ಎಂದಳು. "ಯಾವುದು?" ಎಂದು ಅವರು ನಕ್ಕರು. ಅವಳು ಗಂಜಿ ಆರಿಹೋಗುತ್ತದೆಂದು ಮಾತು ತಿರುಗಿಸಿದಳು.

*

ಚಿತಾಗಾರದಲ್ಲಿ ಹನ್ನೊಂದರಿಂದ ಹನ್ನೆರಡು ಅವರ ಪಾಲಿನ ಹೊತ್ತು. ಹತ್ತು ಜನ ಬಂದರೆ ಹೆಚ್ಚೆಂದುಕೊಂಡಿದ್ದಳು ಮಗಳು. ಹತ್ತೂವರೆಗೇ ಕುರ್ಚಿಗಳು ತುಂಬಿ, ಜನ ಗೋಡೆಗೆ ಒರಗಿ ನಿಂತರು. ಅರ್ಧ ಮುಖಗಳ ಗುರುತೇ ಅವಳಿಗಿರಲಿಲ್ಲ.

ಮೊದಲು ಹತ್ತಿರ ಬಂದವನು ಮೂಲೆ ಅಂಗಡಿಯ ಕ್ಷೌರಿಕ. ನಲವತ್ತು ವರ್ಷದಿಂದ ದರ್ಜಿಯ ತಲೆ ಅವನದೇ ಕೈಯಲ್ಲಿತ್ತು.

"ಏನಮ್ಮಾ, ಇನ್ನು ಆ ಕತೆ ಯಾರು ಹೇಳ್ತಾರೆ ನಂಗೆ? ತಿಂಗಳಿಗೆ ಎರಡು ಸಲ ಕೇಳ್ತಿದ್ದೆ. ಕೂದಲಿಲ್ಲದಿದ್ರೂ ಬಂದು ಕೂತ್ಕೊಳ್ಳೋರು."

"ಯಾವ ಕತೆ?"

"ಅದೇ, ಸಿನಿಮಾದ್ದು. ಹನ್ನೊಂದು ಸಲ ತೆಗೆದ್ರೂ ಹೀರೋಗೆ ಅಳು ಬರಲಿಲ್ಲ, ಇವರು ಬಂದು ಅಳಿಸಿದ್ರು ಅಂತ."

"ಹನ್ನೊಂದಲ್ಲ, ಏಳು," ಎಂದರು ಹಿಂದಿನಿಂದ ಔಷಧಿ ಅಂಗಡಿಯವರು. "ನನ್ನ ಹತ್ರ ಏಳು ಅಂತಲೇ ಹೇಳಿದ್ದು. ಮಾತ್ರೆ ತಗೊಳ್ಳೋಕೆ ಬಂದ್ರೆ ಅರ್ಧ ಗಂಟೆ. ಹಿಂದೆ ಗಿರಾಕಿಗಳ ಸಾಲು ನಿಂತಿರೋದು, ಅವರೂ ಕೇಳೋರು."

ಮಗಳು ಇಬ್ಬರ ಮುಖವನ್ನೂ ನೋಡಿದಳು.

"ಇಬ್ಬರದೂ ತಪ್ಪು. ಮೂರು," ಎಂದಿತು ಇನ್ನೊಂದು ದನಿ. ಊರುಗೋಲು ಹಿಡಿದು ಬಂದ ಮುದುಕಿಯದು. ಸ್ಟುಡಿಯೋದಲ್ಲಿ ಫಿಲ್ಮು ಕತ್ತರಿಸಿ ಜೋಡಿಸುತ್ತಿದ್ದವಳು. ಎಲ್ಲರೂ ಕತ್ತರಿಯಮ್ಮ ಎನ್ನುತ್ತಿದ್ದರು. "ಕತ್ತರಿಸಿದ್ದು ನಾನು, ನಂಗೆ ಗೊತ್ತಿಲ್ವಾ? ನಿಮ್ಮಪ್ಪ ವರ್ಷ ಹೋದ ಹಾಗೆ ಲೆಕ್ಕ ಏರಿಸ್ಕೊಂಡು ಹೋಗಿದಾನೆ ಅಷ್ಟೇ."

"ಅಪ್ಪ ಅಳಿಸಿದ್ದು ನಿಜಾನಾ?" ಎಂದಳು ಮಗಳು. ಕೇಳಿದ ಮೇಲೆ ಅವಳಿಗೇ ಭಯವಾಯಿತು.

ಮುದುಕಿ ಕುರ್ಚಿಯಲ್ಲಿ ಕೂತು ಉಸಿರು ತಿರುಗಿಸಿಕೊಂಡಳು.

"ನಿಂಗೆ ಹೇಳೇ ಇಲ್ವಾ? ಚಿಕ್ಕ ಮಗನ ಮುಖ ಕ್ಯಾಮೆರಾ ಕಡೆಗೆ, ಅಪ್ಪನಾಗಿ ನಿಮ್ಮಪ್ಪ ಅವನ ಎದುರಿಗೆ. ಇವನು ಬಾಯಿ ಬಿಡೋ ಹಾಗಿಲ್ಲ, ಬರೀ ಹೆಗಲ ಮೇಲೆ ಕೈ ಇಡಬೇಕು. ಎರಡು ಸಲ ತೆಗೆದ್ರು, ಹೀರೋ ಮುಖ ಕಲ್ಲು. ಹಿಂದಿನ ತಿಂಗಳು ತಾನೇ ಅವನ ಅಪ್ಪ ತೀರ್ಕೊಂಡಿದ್ರು, ಒಳಗೆ ಬಿಗಿದುಕೊಂಡು ಬಿಟ್ಟಿದ್ದ. ಮೂರನೇ ಸಲ ನಿಮ್ಮಪ್ಪ ಕೈ ಇಟ್ಟವನೇ ಮೆಲ್ಲಗೆ ಕೇಳಿದ: 'ಕಂಕುಳಲ್ಲಿ ಬಿಗೀತಾ ಇದೆಯಾ? ಹೊಲಿಗೆ ಬಿಡ್ಲಾ?'"

ಕ್ಷೌರಿಕ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ.

"ಹೀರೋಗೆ ಮೊದಲು ನಗು ಬಂತು. ನಗ್ತಾ ನಗ್ತಾನೇ ಕಟ್ಟೆ ಒಡೀತು. ಅಪ್ಪ ಹೋದ ಮೇಲೆ ಅವನನ್ನ ಹಂಗೆ ಯಾರೂ ಕೇಳಿರಲಿಲ್ವಂತೆ, ಆಮೇಲೆ ಹೇಳಿದ. ಸಿನಿಮಾ ನೋಡಿದವರೆಲ್ಲ, ಅಳ್ತಾ ಅಳ್ತಾ ಎಂಥಾ ನಗು ತಂದ, ಏನು ನಟನೆ ಅಂದ್ರು. ನಟನೆ ಏನು ಬಂತು, ದರ್ಜಿ ಅಳತೆ ಕೇಳಿದ್ದು. ಆ ತುಂಡಿಗೆ ನಾನು ಕತ್ತರಿ ಮುಟ್ಟಿಸಲಿಲ್ಲ."

ಮಗಳು ತಾಯಿಯ ಪಕ್ಕಕ್ಕೆ ಹೋಗಿ ಕುಳಿತಳು.

"ಅಮ್ಮಾ, ನಿಂಗೂ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು. ಮನೇಲಿ ಎತ್ತಬಾರದು ಅಂತ ಮಗಳ ಆರ್ಡರ್ ಆಗಿದೆ, ಹೊರಗೆ ಎತ್ತಬಾರದು ಅಂತ ಆಗಿಲ್ವಲ್ಲ ಅನ್ನೋರು. ಅದಕ್ಕೆ ಊರೆಲ್ಲ ಹೇಳ್ಕೊಂಡು ಬಂದ್ರು."

"ಬೇಜಾರು ಮಾಡ್ಕೊಂಡಿರಲಿಲ್ವಾ?"

ತಾಯಿ ಸುಳ್ಳು ಹೇಳುವವಳಲ್ಲ. "ಒಂದು ವಾರ ಮಾಡ್ಕೊಂಡ್ರು. ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಒಂದು ಭಾನುವಾರ ಕಟಿಂಗ್‌ಗೆ ಹೋದವರು ಮೂರು ಗಂಟೆ ಬಿಟ್ಟು ಬಂದ್ರು, ಮುಖ ಊರಗಲ ಆಗಿತ್ತು. ಅಲ್ಲಿಂದ ಸರಿಹೋಯ್ತು."

"ನಂಗ್ಯಾಕೆ ಹೇಳಲಿಲ್ಲಮ್ಮಾ ಇಷ್ಟು ವರ್ಷ?"

"ನೀನು ಎಲ್ಲಿ ಕೇಳಿದೆ? ನಿಂಗೆ ಮರೆತೇಹೋಗಿದೆ ಅಂತ ನಾವು. ಮಕ್ಕಳು ಏನೇನೋ ಅಂತಾವೆ, ಅದನ್ನೆಲ್ಲ ಗಂಟು ಕಟ್ಟಿ ಇಟ್ಕೊಳ್ಳೋಕಾಗುತ್ತಾ?"

ಮಗಳು ಮುಖ ಮುಚ್ಚಿಕೊಂಡಳು. ತಾಯಿ ಅವಳ ಬೆನ್ನು ಸವರಿದಳು. ಅಳುತ್ತಿದ್ದಾಳೆಂದೇ ಎಲ್ಲರೂ ತಿಳಿದರು. ಹೌದು, ಅಳುತ್ತಿದ್ದಳು, ಆದರೆ ಮೂವತ್ತಾರು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು, ಅದು ತನ್ನ ಜಾಗವೇ ಅಲ್ಲವೆಂಬಂತೆ ಸದ್ದಿಲ್ಲದೆ ಎದ್ದುಹೋಗಿತ್ತು.

*

ತಂದೆಯನ್ನು ಮಲಗಿಸಿದ್ದ ಪೆಟ್ಟಿಗೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಗುಮಾಸ್ತ ಬಂದು, ಮುಂದಿನವರು ಕಾಯುತ್ತಿದ್ದಾರೆಂದು ಮೆತ್ತಗೆ ಹೇಳಿದ. ಎಲ್ಲರೂ ಕಾರಿಡಾರಿಗೆ ಬಂದರು. ಯಾರಿಗೂ ಮನೆಗೆ ಹೋಗುವ ಆತುರವಿದ್ದಂತೆ ಕಾಣಲಿಲ್ಲ. ಟೀ ಬಂತು.

"ಹೇಗೆ ನಿಂತಿದ್ರು ಅಂತಾನೂ ಮಾಡಿ ತೋರಿಸೋರು," ಎಂದ ಕ್ಷೌರಿಕ. ಟೀ ಲೋಟ ಕಿಟಕಿಯ ಮೇಲಿಟ್ಟು, ಎಲ್ಲರಿಗೂ ಬೆನ್ನು ಮಾಡಿ, ಮಗನ ಹೆಗಲ ಮೇಲಿಟ್ಟಂತೆ ಬಲಗೈ ಎತ್ತಿ, ಗೋಡೆಯತ್ತ ನಿಂತ. "ಎಡ ಹೆಗಲು ಒಂದು ಬೆರಳು ಕೆಳಗೆ. ಮಗ ಸಿಕ್ಕಿದಾನೆ, ಆದ್ರೂ ಇನ್ನೂ ನಂಬಿಕೆ ಬಂದಿಲ್ಲ, ಹಂಗೆ."

"ಅಷ್ಟು ಬಗ್ಗಬಾರದು ರೀ," ಎಂದು ಔಷಧಿ ಅಂಗಡಿಯವರು ಅವನ ಪಕ್ಕದಲ್ಲಿ ಹೋಗಿ ನಿಂತರು. "ಕತ್ತು ನೆಟ್ಟಗಿರಬೇಕು. ಎಷ್ಟಾದ್ರೂ ಅಪ್ಪ."

"ಮೊಣಕೈ ಇನ್ನೂ ಮೇಲೆ," ಎಂದಳು ಕತ್ತರಿಯಮ್ಮ ಊರುಗೋಲಿನಿಂದ ತೋರಿಸಿ. ಅಷ್ಟರಲ್ಲಿ ಮಗಳಿಗೆ ಗುರುತಿಲ್ಲದ ಇನ್ನೊಬ್ಬರು, ಬಸ್ಸಿನ ಕಂಡಕ್ಟರ್ ಅಂತೆ, ಅವರೂ ಹೋಗಿ ಸಾಲಿಗೆ ಸೇರಿದರು. ಮುಂದಿನ ಶವದ ಮನೆಯವರು ಒಳಗೆ ಹೋಗುತ್ತ ಹೋಗುತ್ತ, ಗೋಡೆಗೆ ಮುಖ ಮಾಡಿ ಬಲಗೈ ಗಾಳಿಯಲ್ಲಿ ಎತ್ತಿ ನಿಂತ ಮೂವರು ಗಂಡಸರನ್ನು ನೋಡಿ ನಡಿಗೆ ನಿಧಾನ ಮಾಡಿದರು.

"ಮಧ್ಯದವರು ಪರವಾಗಿಲ್ಲ," ಎಂದಳು ತಾಯಿ.

ಮಗಳು ಲೋಟ ಕೆಳಗಿಟ್ಟು, ಗೋಡೆಗೂ ಔಷಧಿ ಅಂಗಡಿಯವರಿಗೂ ನಡುವೆ ಇದ್ದ ಕಿರಿದಾದ ಜಾಗದಲ್ಲಿ ಅಡ್ಡಡ್ಡ ತೂರಿಕೊಂಡು ಹೋಗಿ, ಎತ್ತಿದ್ದ ಆ ಕೈಯ ಕೆಳಗೆ ತನ್ನ ಹೆಗಲು ಕೊಟ್ಟು ನಿಂತಳು.